ಜರ್ಮನಿಯಲ್ಲಿ ಸಿಹಿ ಇಲ್ಲದ ಬಿಳಿ ವೈನ್ ಆರಿಸೋದು ಹೇಗೆ?

ಫ್ರಾಂಕ್‌ಫರ್ಟಿಗೆ ಬಂದು ಕೆಲವೇ ತಿಂಗಳಾಗಿದೆ, ಸೂಪರ್ ಮಾರ್ಕೆಟಿನಿಂದ ತಂದ ಮೊದಲ ರೀಸ್ಲಿಂಗ್ (ಆ ಹೆಸರಿನ ದ್ರಾಕ್ಷಿಯ ಬಿಳಿ ವೈನ್) ಶರಬತ್ತಿನ ಹಾಗೆ ಸಿಹಿಯಾಗಿತ್ತು, ಆಮೇಲೆ ಡ್ರೈ ಅಂತ ನೋಡಿ ತಂದರೆ ಅದು ಬರೀ ಹುಳಿ ಅನಿಸಿತು, ಹಾಗಾದರೆ ಚೆನ್ನಾಗಿರೋ ಡ್ರೈ ಬಿಳಿ ವೈನ್ ಅಂದರೆ ಯಾವುದು, ಹೇಗೆ ಗುರುತಿಸೋದು ಅಂತ ಕೇಳಿದ್ದೀರಿ. ನಾನು ಪಕ್ಕದ ಮೈಂಜ್‌ನಲ್ಲಿದ್ದೇನೆ. ಊರಿನಿಂದ ಆಚೆ ಕಾಲಿಟ್ಟರೆ ದ್ರಾಕ್ಷಿ ತೋಟಗಳೇ. ತೋಟದವರ ಹತ್ತಿರ ಹೋಗಿ ರುಚಿ ನೋಡಿ, ಕೇಳಿ ತಿಳಿದುಕೊಳ್ಳೋದು ನನಗೆ ತುಂಬಾ ಇಷ್ಟ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ವಿಷಯ. ಡ್ರೈ ಅನ್ನೋದು ಸಕ್ಕರೆಯ ಬಗ್ಗೆ ಮಾತ್ರ ಹೇಳುತ್ತದೆ. ದ್ರಾಕ್ಷಿ ರಸದಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಹೆಚ್ಚುಕಮ್ಮಿ ಎಲ್ಲ ತಿಂದು ಮುಗಿಸಿದರೆ ವೈನ್ ಡ್ರೈ. ಮಧ್ಯದಲ್ಲಿ ನಿಲ್ಲಿಸಿದರೆ ಸಿಹಿ ಉಳಿಯುತ್ತದೆ. ವೈನ್ ಹುಳಿಯೋ, ತೆಳುವೋ, ಗಟ್ಟಿಯೋ, ಬೆಣ್ಣೆ ವಾಸನೆಯೋ, ಹಣ್ಣಿನ ಘಮವೋ, ಇದ್ಯಾವುದನ್ನೂ ಆ ಪದ ಹೇಳುವುದಿಲ್ಲ. ನಿಮಗೆ ಸಿಕ್ಕಿದ ಎರಡನೇ ಬಾಟಲಿಯಲ್ಲಿ ಬಹುಶಃ ದೋಷ ಏನೂ ಇರಲಿಲ್ಲ. ಅದು ಹುಳಿ ಜಾಸ್ತಿ ಇರುವ ಜಾತಿಯ ದ್ರಾಕ್ಷಿ, ಅಷ್ಟೇ. ಆದ್ದರಿಂದ ಅಂಗಡಿಯಲ್ಲಿ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು: ಇದರಲ್ಲಿ ಸಕ್ಕರೆ ಎಷ್ಟಿದೆ? ಹುಳಿ ಎಷ್ಟಿದೆ? ಮೊದಲನೆಯದಕ್ಕೆ ಲೇಬಲ್ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ದ್ರಾಕ್ಷಿಯ ಹೆಸರು.

ಸಕ್ಕರೆಯ ಲೆಕ್ಕ ನೋಡೋಣ. ಜರ್ಮನ್ ಲೇಬಲ್‌ನಲ್ಲಿ 'ಟ್ರೋಕನ್' ಅಂತ ಇದ್ದರೆ ಡ್ರೈ. ಯುರೋಪಿನ ನಿಯಮದ ಪ್ರಕಾರ ಲೀಟರಿಗೆ 4 ಗ್ರಾಂ ಸಕ್ಕರೆವರೆಗೆ ಡ್ರೈ. ಆದರೆ ಹುಳಿ ಜಾಸ್ತಿ ಇದ್ದರೆ 9 ಗ್ರಾಂವರೆಗೂ ಬಿಡುತ್ತಾರೆ. ಷರತ್ತು ಏನೆಂದರೆ, ಹುಳಿಯ ಪ್ರಮಾಣ ಸಕ್ಕರೆಗಿಂತ 2 ಗ್ರಾಂಗಿಂತ ಜಾಸ್ತಿ ಕಡಿಮೆ ಇರಬಾರದು. ಅಂದರೆ 8 ಗ್ರಾಂ ಸಕ್ಕರೆ ಇದ್ದರೆ ಹುಳಿ ಕನಿಷ್ಠ 6 ಗ್ರಾಂ ಇರಲೇಬೇಕು. ಇದು ಸುಮ್ನೆ ಮಾಡಿದ ನಿಯಮ ಅಲ್ಲ. ನಿಂಬೆಹಣ್ಣಿನ ಪಾನಕ ಮಾಡಿದವರಿಗೆಲ್ಲ ಗೊತ್ತು, ಎರಡು ಹಣ್ಣು ಹಿಂಡಿದ ಮೇಲೆ ಒಂದು ಚಮಚ ಬೆಲ್ಲ ಹಾಕಿದರೆ ಬೆಲ್ಲ ಹಾಕಿದ್ದೇ ಗೊತ್ತಾಗುವುದಿಲ್ಲ, ಹುಳಿಯ ಚುರುಕು ಮಾತ್ರ ಸ್ವಲ್ಪ ಇಳಿದಿರುತ್ತದೆ. ರೀಸ್ಲಿಂಗ್‌ನಲ್ಲಿ ಆಗುವುದೂ ಅದೇ. ಸೂಪರ್ ಮಾರ್ಕೆಟಿನ ಟ್ರೋಕನ್ ರೀಸ್ಲಿಂಗ್ ತುಂಬಾ ಸಲ 6-8 ಗ್ರಾಂ ಸಕ್ಕರೆಯೊಂದಿಗೇ ಬರುತ್ತದೆ, ಆದರೂ ನಾಲಿಗೆಗೆ ಸಿಹಿ ಅನಿಸುವುದಿಲ್ಲ.

ಅದರ ಮುಂದಿನ ಮೆಟ್ಟಿಲು 'ಹಾಲ್ಬ್‌ಟ್ರೋಕನ್'. ಇದು ಸಾಮಾನ್ಯವಾಗಿ 12 ಗ್ರಾಂವರೆಗೆ, ಹುಳಿ ಸಾಕಷ್ಟಿದ್ದರೆ 18ರವರೆಗೆ. 'ಲೀಬ್ಲಿಷ್' ಅಂದರೆ 45 ಗ್ರಾಂವರೆಗೆ, ಅಲ್ಲಿಂದ ಆಚೆ 'ಸ್ಯೂಸ್', ಪೂರ್ತಿ ಸಿಹಿ. ನಿಮ್ಮ ಮೊದಲ ಬಾಟಲಿ ಈ ಕೊನೆಯ ಎರಡರಲ್ಲಿ ಒಂದಾಗಿರಬೇಕು. 'ಫೈನ್‌ಹೆರ್ಬ್' ಅಂತ ಇನ್ನೊಂದು ಪದ ಕಾಣುತ್ತದೆ. ಇದಕ್ಕೆ ಕಾನೂನಿನಲ್ಲಿ ಗ್ರಾಂ ಲೆಕ್ಕ ಇಲ್ಲ. ಡ್ರೈಗಿಂತ ಸ್ವಲ್ಪ ಸಿಹಿ ಅಂತ ಇಟ್ಟುಕೊಳ್ಳಿ. ಎಷ್ಟು ಸಿಹಿ ಅನ್ನೋದು ತೋಟದವರ ಇಷ್ಟ.

ಹೊಸಬರು ಎಡವುವುದು 'ಕಾಬಿನೆಟ್', 'ಶ್ಪೇಟ್‌ಲೇಸೆ' ಅನ್ನುವ ಪದಗಳಲ್ಲಿ. ಇವು ಕೊಯ್ಲಿನ ಹೊತ್ತಿಗೆ ದ್ರಾಕ್ಷಿ ಎಷ್ಟು ಮಾಗಿತ್ತು ಅಂತ ಹೇಳುತ್ತವೆ. ವೈನ್‌ನಲ್ಲಿ ಎಷ್ಟು ಸಕ್ಕರೆ ಉಳಿದಿದೆ ಅಂತ ಅಲ್ಲ. ಶ್ಪೇಟ್‌ಲೇಸೆ ಟ್ರೋಕನ್ ಅಂತಲೂ ಇರುತ್ತದೆ, ಬರೀ ಶ್ಪೇಟ್‌ಲೇಸೆ ಅಂತಲೂ ಇರುತ್ತದೆ. ಟ್ರೋಕನ್ ಅಂತ ಬರೆದಿಲ್ಲ ಅಂದರೆ, ಅದರಲ್ಲೂ ಮೋಸೆಲ್ ನದಿ ಕಣಿವೆಯ ಬಾಟಲಿಯಾದರೆ, ಸಿಹಿ ಅಂತಲೇ ತಿಳಿದುಕೊಳ್ಳಿ. ಅದು ಕೆಟ್ಟ ವೈನ್ ಅಂತಲ್ಲ, ಜಗತ್ತಿನ ಅತ್ಯುತ್ತಮ ಬಿಳಿ ವೈನ್‌ಗಳಲ್ಲಿ ಅವೂ ಇವೆ. ನೀವು ಈಗ ಹುಡುಕುತ್ತಿರೋದು ಅದನ್ನಲ್ಲ ಅಷ್ಟೇ.

ಪದಗಳು ಗೊಂದಲ ಮಾಡಿದರೆ ಆಲ್ಕೋಹಾಲ್ ಶೇಕಡಾವಾರು ನೋಡಿ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದರೆ 1 ಶೇಕಡಾ ಆಲ್ಕೋಹಾಲ್ ಆಗುತ್ತದೆ. ಬಾಟಲಿ ಮೇಲೆ 8 ಅಥವಾ 9 ಶೇಕಡಾ ಇದ್ದರೆ ಯೀಸ್ಟ್ ಕೆಲಸ ಅರ್ಧಕ್ಕೆ ನಿಂತಿದೆ, ಉಳಿದ ಸಕ್ಕರೆ ಒಳಗೇ ಇದೆ ಅಂತ ಅರ್ಥ. 12 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಜರ್ಮನ್ ಬಿಳಿ ವೈನ್ ಬಹುತೇಕ ಡ್ರೈ. ಇನ್ನೂ ಖಚಿತವಾಗಿ ಬೇಕಾದರೆ ಹಿಂದಿನ ಲೇಬಲ್‌ನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನ್‌ಗಳಿಗೆ ಯುರೋಪಿನಲ್ಲಿ ಪೋಷಕಾಂಶಗಳ ಪಟ್ಟಿ ಕಡ್ಡಾಯ. ಅದರಲ್ಲಿ 100 ಮಿಲಿಗೆ ಸಕ್ಕರೆ ಎಷ್ಟು ಅಂತ ಇರುತ್ತದೆ. ಹತ್ತರಿಂದ ಗುಣಿಸಿದರೆ ಲೀಟರಿನ ಲೆಕ್ಕ. ಅಂಗಡಿಯಲ್ಲಿ ನಿಂತೇ ನೋಡಬಹುದು, ಯಾರನ್ನೂ ಕೇಳಬೇಕಾಗಿಲ್ಲ.

ಒಂದು ಎಚ್ಚರಿಕೆ ಮಾತ್ರ. ಈ ಲೆಕ್ಕ ಗುಳ್ಳೆ ಬರುವ ವೈನ್‌ಗೆ, ಅಂದರೆ ಇಲ್ಲಿನ ಸೆಕ್ಟ್‌ಗೆ, ನಡೆಯುವುದಿಲ್ಲ. ಸೆಕ್ಟ್ ಮೇಲೆ ಟ್ರೋಕನ್ ಅಂತ ಇದ್ದರೆ ಅದರಲ್ಲಿ 17ರಿಂದ 32 ಗ್ರಾಂ ಸಕ್ಕರೆ ಇರುತ್ತದೆ! ಅಲ್ಲಿ ನಿಮಗೆ ಬೇಕಾದ ಪದ 'ಬ್ರೂಟ್', 12 ಗ್ರಾಂಗಿಂತ ಕಡಿಮೆ.

ಇನ್ನು ಹುಳಿ. ಇಲ್ಲಿಂದಲೇ ನಿಜವಾದ ಆಯ್ಕೆ ಶುರು.

ಹುಳಿಯಲ್ಲಿ ಎಲ್ಲಕ್ಕಿಂತ ಮುಂದಿರೋದು ರೀಸ್ಲಿಂಗ್. ಒಂದು ಗುಟುಕು ನುಂಗಿದ ಮೇಲೆ ದವಡೆಯ ಎರಡೂ ಬದಿಯಲ್ಲಿ ನೀರು ಬರುತ್ತದಲ್ಲ, ಅದು ಎಷ್ಟು ಹೊತ್ತು ಬರುತ್ತದೆ ಅಂತ ಗಮನಿಸಿ. ರೀಸ್ಲಿಂಗ್‌ನಲ್ಲಿ ಅದು ನಿಲ್ಲುವುದೇ ಇಲ್ಲ. ಈ ಬಳ್ಳಿಗೆ ಜರ್ಮನಿಯಲ್ಲಿ ಬಹಳ ಹಳೆಯ ದಾಖಲೆ ಇದೆ. 1435ರಲ್ಲಿ ರ್ಯೂಸೆಲ್ಸ್‌ಹೈಮ್‌ನ ಒಂದು ಖರ್ಚಿನ ಲೆಕ್ಕದಲ್ಲಿ ರೀಸ್ಲಿಂಗ್ ಬಳ್ಳಿ ಕೊಂಡಿದ್ದು ಬರೆದಿದೆ. ನೀವಿರುವ ಫ್ರಾಂಕ್‌ಫರ್ಟಿಗೂ ನಾನಿರುವ ಮೈಂಜ್‌ಗೂ ಮಧ್ಯದ ಊರು ಅದು. ತಡವಾಗಿ ಮಾಗುವ ಜಾತಿಯಾದ್ದರಿಂದ ಒಳ್ಳೆಯ ತೋಟಗಳೆಲ್ಲ ಬಿಸಿಲಿಗೆ ಮುಖ ಮಾಡಿದ ಇಳಿಜಾರಿನಲ್ಲೇ ಇವೆ. ಉತ್ತರಕ್ಕೆ ಹರಿಯುವ ರೈನ್ ನದಿ ವೀಸ್‌ಬಾಡನ್ ಹತ್ತಿರ ಪಶ್ಚಿಮಕ್ಕೆ ತಿರುಗುತ್ತದೆ. ಆ ತಿರುವಿನಿಂದಲೇ ಅದರ ಬಲದಂಡೆಯ ಗುಡ್ಡಗಳು ದಕ್ಷಿಣಕ್ಕೆ ಮುಖ ಮಾಡಿವೆ. ಅದೇ ರೈನ್‌ಗಾವ್ ಅನ್ನುವ ವೈನ್ ಪ್ರದೇಶ.

ಮೈಂಜ್‌ನಿಂದ ದಕ್ಷಿಣಕ್ಕೆ, ನಾಕನ್‌ಹೈಮ್ ಮತ್ತು ನೀರ್‌ಸ್ಟೈನ್ ನಡುವೆ 'ರೋಟರ್ ಹಾಂಗ್' ಅಂತ ಒಂದು ಇಳಿಜಾರು ಇದೆ. ಮಣ್ಣು ನಮ್ಮ ಕಡೆಯ ಕೆಮ್ಮಣ್ಣಿನ ಬಣ್ಣದ್ದೇ. ಆದರೆ ಕಲ್ಲು ಸುಮಾರು 28 ಕೋಟಿ ವರ್ಷ ಹಳೆಯದು, ಕೈಯಲ್ಲಿ ಒತ್ತಿದರೆ ಪದರ ಪದರವಾಗಿ ಬಿಡುತ್ತದೆ. ಮಳೆ ಬಂದು ನಿಂತ ಮೇಲೆ ಹೋದರೆ ಬೂಟಿನ ತುಂಬ ಕೆಂಪು. ಬಳ್ಳಿಯ ಸಾಲುಗಳ ಕೆಳಗೆ ರೈನ್ ಹರಿಯುತ್ತಿರುತ್ತದೆ. ಅಲ್ಲಿನ ಡ್ರೈ ರೀಸ್ಲಿಂಗ್‌ನಲ್ಲಿ ಹುಳಿಯ ಜೊತೆಗೆ ಪೀಚ್ ಹಣ್ಣಿನ ಮಾಗಿದ ಘಮ ಇರುತ್ತದೆ, ಬಾಯಿ ತುಂಬುತ್ತದೆ. ಮೋಸೆಲ್‌ನ ಡ್ರೈ ರೀಸ್ಲಿಂಗ್ ಅದಕ್ಕಿಂತ ತೆಳು, ಹರಿತ. ಹುಳಿ ನಿಮಗೆ ಸಮಸ್ಯೆಯಾದರೆ ರೀಸ್ಲಿಂಗ್ ಬಿಡಬೇಡಿ, ಜಾಗ ಬದಲಿಸಿ. ರೈನ್‌ಹೆಸನ್ (ಮೈಂಜ್ ಸುತ್ತಲಿನ ಈ ಪ್ರದೇಶ) ಅಥವಾ ಅದರ ದಕ್ಷಿಣದ ಫಾಲ್ಸ್ ಕಡೆಯದನ್ನು ತನ್ನಿ. ಅಲ್ಲಿ ಬಿಸಿಲು ಸ್ವಲ್ಪ ಜಾಸ್ತಿ, ಹುಳಿ ಸ್ವಲ್ಪ ಮೃದು. ಹಳೆಯ ರೀಸ್ಲಿಂಗ್‌ನಲ್ಲಿ ಪೆಟ್ರೋಲ್ ವಾಸನೆ ಬಂದರೆ ಗಾಬರಿಯಾಗಬೇಡಿ, ಅದು ಆ ದ್ರಾಕ್ಷಿಯ ಗುಣ. ನನಗೆ ಅದು ಇಷ್ಟ, ಎಲ್ಲರಿಗೂ ಅಲ್ಲ.

ಆದರೆ ನೀವು ಮೊದಲು ತರಬೇಕಾದ್ದು ಸಿಲ್ವಾನರ್ ಅನ್ನುವ ದ್ರಾಕ್ಷಿಯ ವೈನ್ ಅಂತ ನನ್ನ ಅಭಿಪ್ರಾಯ. ಇದರ ಬಗ್ಗೆ ಜನ ಯಾಕೆ ಇಷ್ಟು ಕಡಿಮೆ ಮಾತಾಡುತ್ತಾರೋ ಗೊತ್ತಿಲ್ಲ. ಹುಳಿ ಹದವಾಗಿ, ವಾಸನೆ ಜೋರಿಲ್ಲದೆ, ಸ್ವಲ್ಪ ಪಿಯರ್ ಹಣ್ಣು, ಸ್ವಲ್ಪ ಹಸಿ ಸೊಪ್ಪಿನ ಘಮ. ಊಟವನ್ನು ಹಿಂದೆ ತಳ್ಳುವುದಿಲ್ಲ. ಫ್ರಾಂಕನ್ ಪ್ರದೇಶದ ಕಾಸ್ಟೆಲ್‌ನಲ್ಲಿ 1659ರಲ್ಲೇ ನೆಟ್ಟಿದ್ದರು. ಅಲ್ಲಿಯದು ಚಪ್ಪಟೆ, ದುಂಡು ಹೊಟ್ಟೆಯ ಬಾಟಲಿಯಲ್ಲಿ ಬರುತ್ತದೆ. ಅದರ ಹೆಸರು 'ಬಾಕ್ಸ್‌ಬಾಯ್ಟಲ್'. ಶೆಲ್ಫಿನಲ್ಲಿ ದೂರದಿಂದಲೇ ಗುರುತು ಸಿಗುತ್ತದೆ. ಫ್ರಾಂಕನ್‌ನವರು ಹಿಂದಿನಿಂದಲೂ 4 ಗ್ರಾಂ ಒಳಗಿನದನ್ನೇ ಡ್ರೈ ಅಂತ ಎಣಿಸುತ್ತಾ ಬಂದವರು, ಹಾಗಾಗಿ ಸಿಹಿಯ ಭಯ ಇಲ್ಲ. ರೈನ್‌ಹೆಸನ್‌ನ ಸಿಲ್ವಾನರ್ ಕೂಡ ಚೆನ್ನಾಗಿರುತ್ತದೆ, ಬೆಲೆಯೂ ಕಮ್ಮಿ. ಏಪ್ರಿಲ್‌ನಿಂದ ಜೂನ್ 24ರವರೆಗೆ ಇಲ್ಲಿ ಬಿಳಿ ಆಸ್ಪರಾಗಸ್ ಕಾಲ. ಆ ದಿನಗಳಲ್ಲಿ ಬೇಯಿಸಿದ ಆಸ್ಪರಾಗಸ್, ಬೆಣ್ಣೆ, ಆಲೂಗಡ್ಡೆಯ ಜೊತೆ ಸಿಲ್ವಾನರ್ ಇಲ್ಲದ ಮೇಜು ನಮ್ಮ ಊರಲ್ಲಿ ಅಪರೂಪ.

ರೀಸ್ಲಿಂಗ್‌ಗಿಂತ ಹುಳಿ ಕಡಿಮೆ ಇರುವ ಇನ್ನೆರಡು ಜಾತಿ ವೈಸ್‌ಬುರ್ಗುಂಡರ್ ಮತ್ತು ಗ್ರಾವ್‌ಬುರ್ಗುಂಡರ್. ಎರಡನೆಯದು ಇಟಲಿಯ ಪಿನೋ ಗ್ರಿಜಿಯೋ ದ್ರಾಕ್ಷಿಯೇ. ಬಾಯಲ್ಲಿ ಗಟ್ಟಿಯಾಗಿ, ಗುಂಡಗೆ ಕೂರುತ್ತವೆ. ಲೇಬಲ್‌ನಲ್ಲಿ 'ಬಾರಿಕ್' ಅಂತ ಇದ್ದರೆ ಓಕ್ ಪೀಪಾಯಿಯಲ್ಲಿ ಇಟ್ಟಿದ್ದು. ವೆನಿಲ್ಲಾ ವಾಸನೆಯಿಂದ ಸಿಹಿ ಅನ್ನುವ ಭ್ರಮೆ ಬರಬಹುದು. ಇಂಥ ಅನುಮಾನ ಬಂದಾಗ ಮೂಗು ಮುಚ್ಚಿಕೊಂಡು ಒಂದು ಗುಟುಕು ಕುಡಿಯಿರಿ. ಸಕ್ಕರೆ ಇದ್ದರೆ ನಾಲಿಗೆಗೆ ಆಗಲೂ ಗೊತ್ತಾಗುತ್ತದೆ. ಬರೀ ವಾಸನೆಯ ಸಿಹಿಯಾದರೆ ಮಾಯ. ಲಿಚಿ, ಗುಲಾಬಿಯ ಘಮ ಬರುವ ಗೆವ್ಯುರ್ಟ್ಸ್‌ಟ್ರಾಮಿನರ್‌ನಲ್ಲಿ ಈ ಪರೀಕ್ಷೆ ಮಾಡಿ ನೋಡಿ, ಆಶ್ಚರ್ಯವಾಗುತ್ತದೆ. ಪ್ಯಾಶನ್ ಫ್ರೂಟ್, ಚಕೋತದಂಥ ಜೋರು ಘಮ ಬೇಕೆನ್ನುವವರು ಶಾಯ್‌ರೇಬೆ ತರಬಹುದು. 1916ರಲ್ಲಿ ಇಲ್ಲೇ ಆಲ್ಟ್‌ಸೈನಲ್ಲಿ ಗಿಯಾರ್ಗ್ ಶಾಯ್ ಬೆಳೆಸಿದ ತಳಿ ಅದು. ಅದನ್ನೂ ಟ್ರೋಕನ್ ನೋಡಿಯೇ ತನ್ನಿ.

ಫ್ರಿಜ್‌ನಿಂದ ತೆಗೆದ ತಕ್ಷಣ ಕುಡಿಯಬೇಡಿ. ತೀರಾ ತಣ್ಣಗಿದ್ದರೆ ಘಮ ಏಳುವುದಿಲ್ಲ, ಹುಳಿ ಮಾತ್ರ ಚುಚ್ಚುತ್ತದೆ. ನಿಮಗೆ ಬರೀ ಹುಳಿ ಅನಿಸಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಕಾಲು ಗಂಟೆ ಹೊರಗಿಟ್ಟರೆ 8-10 ಡಿಗ್ರಿಗೆ ಬರುತ್ತದೆ. ಬುರ್ಗುಂಡರ್‌ಗಳಿಗೆ ಇನ್ನೂ ಸ್ವಲ್ಪ ಬೆಚ್ಚಗಿದ್ದರೂ ಸರಿ.

ಮನೆ ಅಡುಗೆಯ ಜೊತೆ ಹೇಗೆ ಅಂತಲೂ ಕೇಳಿದ್ದೀರಿ. ಊಟದ ಹುಳಿಗಿಂತ ವೈನ್‌ನ ಹುಳಿ ಒಂದು ಕೈ ಮೇಲಿರಬೇಕು, ಇಲ್ಲದಿದ್ದರೆ ವೈನ್ ಸಪ್ಪೆ ಅನಿಸುತ್ತದೆ. ನಿಂಬೆಹಣ್ಣಿನ ಚಿತ್ರಾನ್ನ, ಕೋಸಂಬರಿ ಇದ್ದಾಗ ಡ್ರೈ ರೀಸ್ಲಿಂಗ್ ಎದ್ದು ನಿಲ್ಲುತ್ತದೆ. ಒಂಟಿಯಾಗಿ ಕುಡಿದಾಗ ಹುಳಿ ಅನಿಸಿದ ಅದೇ ಬಾಟಲಿ ಅಲ್ಲಿ ಸರಿಹೋಗುತ್ತದೆ. ರವೆ ಹಚ್ಚಿ ಹುರಿದ ಮೀನಿಗೂ ಅದೇ. ಆದರೆ ಮೆಣಸಿನಕಾಯಿ ಖಾರ ಜಾಸ್ತಿ ಇದ್ದರೆ ಆಲ್ಕೋಹಾಲ್ ಉರಿಯನ್ನು ಏರಿಸುತ್ತದೆ. ಬಿಸಿಬೇಳೆಬಾತ್‌ಗೆ, ಕೋಳಿ ಸಾರಿಗೆ 13 ಶೇಕಡಾದ, ಓಕ್ ಹಾಕಿದ ವೈನ್ ಬೇಡವೇ ಬೇಡ. ಅಲ್ಲಿ ನಾನು ಡ್ರೈ ಹಟ ಬಿಟ್ಟು ಫೈನ್‌ಹೆರ್ಬ್ ರೀಸ್ಲಿಂಗ್ ತೆಗೆಯುತ್ತೇನೆ. ಆ ಚೂರು ಸಿಹಿ ಖಾರವನ್ನು ಹಿಡಿಯುತ್ತದೆ.

ಊರಿಗೆ ಹೋದಾಗ ನಂದಿ ಬೆಟ್ಟದ ಬುಡದ ವೈನ್ ಕೊಳ್ಳುವಿರಾದರೆ ಈ ಹುಳಿಯ ಅಳತೆಯನ್ನು ಅಲ್ಲಿಗೆ ಒಯ್ಯಬೇಡಿ. ನಮ್ಮಲ್ಲಿ ಮಳೆ ಮುಗಿಯುವ ಹೊತ್ತಿಗೆ ಬಳ್ಳಿ ಸವರಿ, ಜನವರಿಯಿಂದ ಮಾರ್ಚ್ ಒಳಗೆ ಕೊಯ್ಯುತ್ತಾರೆ. ಬಿಸಿಲಿಗೆ ದ್ರಾಕ್ಷಿಯ ಹುಳಿ ಬೇಗ ಇಳಿಯುತ್ತದೆ. ಹಾಗಾಗಿ ಅಲ್ಲಿ ಬಿಳಿ ವೈನ್ ಆದಷ್ಟು ಇತ್ತೀಚಿನ ಕೊಯ್ಲಿನದ್ದೇ ಇರಲಿ, ಬಿಸಿ ಅಂಗಡಿಯ ಶೆಲ್ಫಿನಲ್ಲಿ ಕೂತಿದ್ದು ಬೇಡ. ಡ್ರೈ ಬೇಕಾದರೆ ಸೋವಿನ್ಯೋ ಬ್ಲಾಂಕ್ ನೋಡಿ. ಚೆನಿನ್ ಬ್ಲಾಂಕ್‌ನಲ್ಲಿ ಸ್ವಲ್ಪ ಸಿಹಿ ಉಳಿಸಿರೋದು ಜಾಸ್ತಿ.

ಎಲ್ಲಿ ಕೊಳ್ಳೋದು? ಬಾಟಲಿಯ ಕುತ್ತಿಗೆಯ ಮೇಲೆ ದ್ರಾಕ್ಷಿ ಗೊಂಚಲು ಹೊತ್ತ ಹದ್ದಿನ ಗುರುತು ಇದ್ದರೆ ಅದು ವಿಡಿಪಿ ಅನ್ನುವ, ಸುಮಾರು 200 ತೋಟಗಳ ಸಂಘದ್ದು. ಅವರ 'ಗುಟ್ಸ್‌ವೈನ್' ಅನ್ನೋದು ಆರಂಭದ ಮಟ್ಟ. ಅದೇ ಸಾಕು. 'ಜಿಜಿ' ಅಂದರೆ ಅವರ ಅತ್ಯುತ್ತಮ ತೋಟಗಳ ಡ್ರೈ ವೈನ್. ಅದಕ್ಕೆ ಈಗಲೇ ದುಡ್ಡು ಹಾಕಬೇಡಿ, ಹೊಸದರಲ್ಲಿ ಅದರ ರುಚಿ ಪೂರ್ತಿ ತೆರೆದುಕೊಳ್ಳುವುದಿಲ್ಲ, ಕೆಲವು ವರ್ಷ ಕಾಯಬೇಕು. ಅದಕ್ಕಿಂತ ಒಳ್ಳೆಯದು 'ಶ್ಟ್ರಾವ್ಸ್‌ವಿರ್ಟ್‌ಶಾಫ್ಟ್'ಗೆ ಹೋಗೋದು. ತೋಟದವರು ತಮ್ಮ ಅಂಗಳದಲ್ಲೇ ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು, ಕೆಲವೇ ಮೇಜು ಹಾಕಿ, ತಮ್ಮದೇ ವೈನ್ ಮಾರುವ ಜಾಗ. ಸಣ್ಣ ಗ್ಲಾಸ್ ಕೊಡುತ್ತಾರೆ. ಸಿಲ್ವಾನರ್, ವೈಸ್‌ಬುರ್ಗುಂಡರ್, ರೀಸ್ಲಿಂಗ್, ಮೂರನ್ನೂ ಟ್ರೋಕನ್ ಅಂತ ಕೇಳಿ, ಪಕ್ಕಪಕ್ಕ ಇಟ್ಟು ರುಚಿ ನೋಡಿ. ಮೂರರಲ್ಲೂ ಸಕ್ಕರೆ ಹೆಚ್ಚುಕಮ್ಮಿ ಒಂದೇ, ಹುಳಿ ಬೇರೆ ಬೇರೆ. ಅಲ್ಲೇ ನಿಮ್ಮ ನಾಲಿಗೆಗೆ ಯಾವುದು ಅಂತ ಗೊತ್ತಾಗುತ್ತದೆ. ಹತ್ತು ಯೂರೋ ಆಸುಪಾಸಿನಲ್ಲಿ ತೋಟದಿಂದಲೇ ಚೆನ್ನಾಗಿರೋ ಬಾಟಲಿ ಸಿಗುತ್ತದೆ. ತೆರೆದದ್ದು ಉಳಿದರೆ ಮುಚ್ಚಳ ಹಾಕಿ ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು, ರೀಸ್ಲಿಂಗ್ ಆದರೆ ಇನ್ನೂ ಒಂದೆರಡು ದಿನ ತಡೆಯುತ್ತದೆ.