ಹೋಗಿ, ಆದರೆ ಕ್ಯಾಸೆಟ್ಟನ್ನು ಮನೆಯಲ್ಲೇ ಬಿಟ್ಟು ಹೋಗಿ

ನೆಚ್ಚಿನ ಗಿಟಾರ್ ವಾದಕರಿಗೆ ಎಪ್ಪತ್ತು ದಾಟಿದೆ, ಮೊದಲ ಸಲ ಅವರನ್ನು ಎದುರಿಗೆ ಕೇಳುವ ಅವಕಾಶ ಬಂದಿದೆ, ಆದರೆ ಹಳೆಯ ರೆಕಾರ್ಡಿಂಗಿನಷ್ಟು ಚೆನ್ನಾಗಿ ನುಡಿಸದೆ, ನನಗಿರುವ ಅಭಿಮಾನವೂ ಹಾಳಾದರೆ ಏನು ಗತಿ, ಹೋಗಲೋ ಬೇಡವೋ, ಹೋದರೆ ಯಾವ ಟಿಕೆಟ್, ಮೊದಲೇ ಹೇಗೆ ತಯಾರಾಗಲಿ ಅಂತ ಕೇಳಿದ್ದೀರಿ. ಹೋಗಿ. ತಯಾರಿ ಮಾತ್ರ ಮಾಡಿಕೊಳ್ಳಬೇಡಿ. ಯಾಕೆ ಅಂತ ಹೇಳಬೇಕಾದರೆ 2005ರ ಮಾರ್ಚ್ ತಿಂಗಳಿಗೆ ಹೋಗಬೇಕು. ಡೈರ್ ಸ್ಟ್ರೇಟ್ಸ್ ಎಂಬ ಬ್ರಿಟಿಷ್ ರಾಕ್ ತಂಡ ಕಟ್ಟಿ ಹೆಸರಾದ ಗಿಟಾರ್ ವಾದಕ, ಹಾಡುಗಾರ ಮಾರ್ಕ್ ನಾಫ್ಲರ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿದ್ದರು.

ನಾನಾಗ ತುಮಕೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ನಮ್ಮ ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬರು ಬಿಟ್ಟುಹೋದ ಕ್ಯಾಸೆಟ್ ಒಂದಿತ್ತು. ಡೈರ್ ಸ್ಟ್ರೇಟ್ಸ್ ತಂಡದ 'ಆಲ್ಕೆಮಿ'. 1983ರ ಜುಲೈಯಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ ಸಭಾಂಗಣದಲ್ಲಿ ಧ್ವನಿಮುದ್ರಣ ಮಾಡಿ, 1984ರಲ್ಲಿ ಹೊರತಂದ ಲೈವ್ ಆಲ್ಬಮ್ ಅದು. ಅದರಲ್ಲಿ 'ಸುಲ್ತಾನ್ಸ್ ಆಫ್ ಸ್ವಿಂಗ್' ಎಂಬ ಹಾಡು ಹತ್ತು ನಿಮಿಷ ದಾಟಿ ಓಡುತ್ತದೆ. ಆ ಹತ್ತು ನಿಮಿಷದಲ್ಲಿ ಗಿಟಾರ್ ಎಲ್ಲಿ ಎಳೆಯುತ್ತದೆ, ಎಲ್ಲಿ ತಡೆಯುತ್ತದೆ, ಎಲ್ಲಿ ಜನ ಕೂಗುತ್ತಾರೆ ಎಲ್ಲವೂ ನನಗೆ ಬಾಯಿಪಾಠವಾಗಿತ್ತು. ಟೇಪು ಸವೆದು ಒಂದು ಕಡೆ ದನಿ ಸ್ವಲ್ಪ ಅದುರುತ್ತಿತ್ತು. ಆ ಅದುರೂ ನನ್ನ ಮಟ್ಟಿಗೆ ಹಾಡಿನ ಭಾಗವೇ ಆಗಿಬಿಟ್ಟಿತ್ತು.

ನಾಫ್ಲರ್ ಪ್ಲೆಕ್ಟ್ರಮ್, ಅಂದರೆ ತಂತಿ ಮೀಟುವ ಸಣ್ಣ ಬಿಲ್ಲೆ, ಹಿಡಿಯುವುದಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ಇಷ್ಟರಲ್ಲೇ ತಂತಿ ಮೀಟುತ್ತಾರೆ. ಹುಟ್ಟಾ ಎಡಚರಾದರೂ ಗಿಟಾರ್ ಹಿಡಿಯುವುದು ಬಲಗೈಯವರ ಹಾಗೆ. ಬೆರಳಿನಿಂದ ಮೀಟುವುದರಿಂದಲೇ ಪ್ರತಿ ಸ್ವರಕ್ಕೂ ಒಂದು ಬಗೆಯ ಮಾತಿನ ಗುಣ ಬರುತ್ತದೆ. ಒಂದು ಸ್ವರ ಗದರಿದ ಹಾಗೆ, ಇನ್ನೊಂದು ಗುಟ್ಟು ಹೇಳಿದ ಹಾಗೆ. ಅದನ್ನು ಕಲಿಯಲೇಬೇಕೆಂದು ನಾನೂ ಒಂದು ಸಾಧಾರಣ ಗಿಟಾರ್ ಇಟ್ಟುಕೊಂಡು, ಹಾಡಿನ ಕೊನೆಯಲ್ಲಿ ಸರಸರನೆ ಇಳಿದು ಬರುವ ಆ ಬಿಡಿಸ್ವರಗಳ ಮಾಲೆಯನ್ನು ತಿಂಗಳುಗಟ್ಟಲೆ ತಿದ್ದಿದ್ದೆ.

ಹೀಗೆ ತಯಾರಾಗಿ ಹೋದದ್ದೇ ನಾನು ಮಾಡಿದ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಅದೇ ತಪ್ಪು ಕಾಣುತ್ತಿದೆ.

ಸಂಜೆ ಮೈದಾನದ ತುಂಬ ಜನ. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರೇ ಹೆಚ್ಚು. ಅಪ್ಪ ಮಗ ಒಟ್ಟಿಗೆ ಬಂದವರಿದ್ದರು. ದೀಪ ಹೊತ್ತಿ, ಕೀಬೋರ್ಡಿನಲ್ಲಿ ಗೈ ಫ್ಲೆಚರ್, ಇನ್ನೊಂದು ಗಿಟಾರಿನಲ್ಲಿ ರಿಚರ್ಡ್ ಬೆನೆಟ್, ಅವರ ನಡುವೆ ನಾಫ್ಲರ್ ನಿಂತಾಗ ನನ್ನ ಎದೆ ಹೊಡೆದುಕೊಂಡ ರಭಸ ಈಗಲೂ ನೆನಪಿದೆ. ಕೆಂಪು ಸ್ಟ್ರ್ಯಾಟೊಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್ ಕೈಗೆ ಬಂದು 'ಸುಲ್ತಾನ್ಸ್' ಶುರುವಾದಾಗ ಇಡೀ ಮೈದಾನ ಕುಣಿಯಿತು. ನಾನು ಕುಣಿಯಲಿಲ್ಲ. ಕಣ್ಣು ಮುಚ್ಚಿ ಲೆಕ್ಕ ಹಾಕುತ್ತಾ ನಿಂತೆ. ಈಗ ಆ ಎಳೆತ ಬರಬೇಕು. ಬರಲಿಲ್ಲ, ಬೇರೇನೋ ಬಂತು. ಇಲ್ಲಿ ಆ ಏರಿಕೆ ಬರಬೇಕು. ಅದೂ ಬೇರೆ. ಕ್ಯಾಸೆಟ್ಟಿನ ವೇಗವಿರಲಿಲ್ಲ. ಬಾರದೇ ಇದ್ದ ಒಂದು ಸ್ವರಕ್ಕಾಗಿ ಕಾದು ನಿಂತಿರುವಾಗ ಬಂದ ಹತ್ತು ಸ್ವರಗಳು ನನ್ನ ಪಕ್ಕದಲ್ಲೇ ಹಾದುಹೋದವು. ಅವು ಎಂಥವು ಅಂತ ಇವತ್ತು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಮೈದಾನದಲ್ಲಿ ಇಬ್ಬರು ನಾಫ್ಲರ್ ನುಡಿಸುತ್ತಿದ್ದರು. ಒಬ್ಬರು ವೇದಿಕೆಯ ಮೇಲೆ, ಇನ್ನೊಬ್ಬರು ನನ್ನ ತಲೆಯೊಳಗೆ. ನಾನು ಟಿಕೆಟ್ ಕೊಟ್ಟು ತಲೆಯೊಳಗಿನವರನ್ನು ಕೇಳಿದೆ.

ಇನ್ನೂ ಒಂದು ವಿಷಯವಿದೆ, ಹೇಳಲು ನೋವಾಗುತ್ತದೆ. 2003ರ ಮಾರ್ಚಿನಲ್ಲಿ ನಾಫ್ಲರ್ ಲಂಡನ್ನಿನಲ್ಲಿ ಮೋಟಾರ್ ಸೈಕಲ್ ಅಪಘಾತಕ್ಕೆ ಸಿಕ್ಕಿದ್ದರು. ಕೊರಳೆಲುಬು, ಭುಜದ ಹಲಗೆ, ಏಳು ಪಕ್ಕೆಲುಬು ಮುರಿದಿದ್ದವು. ಏಳು ತಿಂಗಳು ಗಿಟಾರ್ ಹಿಡಿಯಲು ಆಗಿರಲಿಲ್ಲ. ಅದರಿಂದ ಎದ್ದು ಬಂದು 2004ರಲ್ಲಿ ಹೊಸ ಆಲ್ಬಮ್ ಮಾಡಿ, ಆ ಹಾಡುಗಳನ್ನು ಹೊತ್ತುಕೊಂಡು ಊರೂರು ಸುತ್ತುತ್ತಾ ನಮ್ಮ ಊರಿಗೆ ಬಂದಿದ್ದರು. ಇದೆಲ್ಲ ನನಗೆ ಗೊತ್ತಿತ್ತು, ಓದಿದ್ದೆ. ಅಷ್ಟು ಗೊತ್ತಿದ್ದೂ, ಮುರಿದು ಕೂಡಿಕೊಂಡ ಭುಜಕ್ಕೆ ಗಿಟಾರಿನ ಪಟ್ಟಿ ಹಾಕಿಕೊಂಡು ಐವತ್ತೈದರ ಮನುಷ್ಯ ನಿಂತು ನುಡಿಸುತ್ತಿದ್ದರೆ, ಮೂವತ್ಮೂರರ ಹುಡುಗ ನುಡಿಸಿದ್ದನ್ನೇ ಬೇಕು ಅಂತ ನಾನು ಹಟ ಹಿಡಿದಿದ್ದೆ.

ಆ ರಾತ್ರಿ ಉಳಿದುಕೊಂಡದ್ದು ಚಾಮರಾಜಪೇಟೆಯ ಚಿಕ್ಕಪ್ಪನ ಮನೆಯಲ್ಲಿ. ಚಿಕ್ಕಪ್ಪ ಮೃದಂಗ ಕಲಿತವರು. ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತೋತ್ಸವ ಶುರುವಾಯಿತೆಂದರೆ ಸಂಜೆ ಮನೆಯಲ್ಲಿ ಸಿಗುವವರಲ್ಲ. ಬಾಗಿಲು ತೆಗೆದವರೇ "ಹೆಂಗಿತ್ತೋ?" ಅಂದರು.

"ಚೆನ್ನಾಗಿತ್ತು ಚಿಕ್ಕಪ್ಪ. ಆದ್ರೆ ನಾನು ಕಾಯ್ತಿದ್ದ ಹಾಡನ್ನೇ ಸರಿಯಾಗಿ ನುಡಿಸ್ಲಿಲ್ಲ."

"ಯಾಕೆ, ಅಪಸ್ವರ ಬಂತಾ?"

"ಇಲ್ಲ."

"ತಾಳ ತಪ್ಪಿದ್ರಾ?"

"ಇಲ್ಲ. ಕ್ಯಾಸೆಟ್ಟಲ್ಲಿ ಇದ್ದ ಹಾಗೆ ನುಡಿಸ್ಲಿಲ್ಲ ಅಷ್ಟೆ."

"ಕ್ಯಾಸೆಟ್ ನಿನ್ನ ಹತ್ರಾನೇ ಇತ್ತಲ್ಲೋ. ಅದಕ್ಕೆ ಅಲ್ಲೀವರೆಗೂ ಯಾಕೆ ಹೋದೆ? ಹೋದ ವರ್ಷ ಹಾಕಿದ ಕಲ್ಪನಾಸ್ವರಾನೇ ಈ ವರ್ಷಾನೂ ಹಾಕಿದ್ರೆ ನಾನು ಎದ್ದು ಕಾಫಿಗೆ ಹೋಗ್ತೀನಪ್ಪ."

ಕಲ್ಪನಾಸ್ವರ ಅಂದರೆ ಕಚೇರಿಯಲ್ಲಿ ಆ ಕ್ಷಣಕ್ಕೆ ಹೊಳೆದಂತೆ ಕಟ್ಟುವ ಸ್ವರಗಳು. ಅವರಿಗೆ ಡೈರ್ ಸ್ಟ್ರೇಟ್ಸ್ ಹೆಸರೂ ಗೊತ್ತಿರಲಿಲ್ಲ. ಆದರೆ ಆ ಒಂದು ಮಾತು ನನ್ನನ್ನು ನಿದ್ದೆ ಮಾಡಗೊಡಲಿಲ್ಲ. ಚಾಪೆಯ ಮೇಲೆ ಬಿದ್ದುಕೊಂಡು ಯೋಚಿಸುತ್ತಿದ್ದಾಗ ಹೊಳೆದದ್ದು ಇದು: ನಾನು ಪೂಜೆ ಮಾಡುತ್ತಿದ್ದ 'ಆಲ್ಕೆಮಿ'ಯ ಹಾಡೇ 1978ರ ಮೂಲ ರೆಕಾರ್ಡಿನ ಹಾಗಿಲ್ಲ! ಮೂಲದಲ್ಲಿ ಅದು ಆರು ನಿಮಿಷಕ್ಕೂ ಕಡಿಮೆ, ಮಿತವಾದ ಮಾತಿನ ಹಾಡು. ಅದಕ್ಕೂ ಹಿಂದಕ್ಕೆ ಹೋದರೆ ನಾಫ್ಲರ್ ಅದನ್ನು ಮೊದಲು ಕಟ್ಟಿದ್ದು ಲೋಹದ ಮೈಯ ನ್ಯಾಷನಲ್ ಗಿಟಾರಿನ ಮೇಲೆ. ಅವರಿಗೇ ಅದು ಸಪ್ಪೆ ಅನ್ನಿಸಿತ್ತು. ಸ್ಟ್ರ್ಯಾಟೊಕಾಸ್ಟರ್ ಕೈಗೆ ಬಂದ ಮೇಲೆ ಜೀವ ಬಂತು ಅಂತ ಅವರೇ ಹೇಳಿದ್ದಾರೆ. ಅಂದರೆ ಹುಟ್ಟಿದಂದಿನಿಂದ ಆ ಹಾಡು ಬದಲಾಗುತ್ತಲೇ ಬಂದಿದೆ. 1983ರಲ್ಲಿ ಹ್ಯಾಮರ್‌ಸ್ಮಿತ್‌ಗೆ ಯಾರಾದರೂ 1978ರ ರೆಕಾರ್ಡನ್ನು ತಲೆಯಲ್ಲಿ ಹೊತ್ತು ಹೋಗಿದ್ದರೆ ಅವರೂ ನನ್ನ ಹಾಗೆಯೇ ಮುಖ ಸಣ್ಣ ಮಾಡಿಕೊಂಡು ಮನೆಗೆ ಹೋಗಿರುತ್ತಿದ್ದರು. ನಾನು ಜೀವದಂತೆ ಕಾಪಾಡಿಕೊಂಡ ಹತ್ತು ನಿಮಿಷವೇ ಅವರ ಪಾಲಿಗೆ ನಿರಾಸೆ.

ಹಾಗಂತ ಆ ಸಂಜೆ ಪೂರ್ತಿ ಕಳೆದುಹೋಯಿತು ಅಂತಲ್ಲ. ಹೊಸ ಆಲ್ಬಮ್ ಇನ್ನೂ ನನ್ನ ಕೈಗೆ ಸಿಕ್ಕಿರಲಿಲ್ಲ. ಅದರಲ್ಲಿನ ಹಾಡೊಂದು ಸನ್ನಿ ಲಿಸ್ಟನ್ ಎಂಬ ಬಾಕ್ಸರನ ಬಗ್ಗೆ. 1962ರಲ್ಲಿ ಹೆವಿವೇಟ್ ವಿಶ್ವ ಚಾಂಪಿಯನ್ ಆದವನು, 1964ರಲ್ಲಿ ಕ್ಯಾಶಿಯಸ್ ಕ್ಲೇ, ಅಂದರೆ ಮುಂದೆ ಮೊಹಮ್ಮದ್ ಅಲಿ ಆದವರ ಮುಂದೆ ಸೋತವನು. ಯಾರಿಗೂ ಬೇಡವಾದ ಚಾಂಪಿಯನ್. ನನಗೆ ಆ ಹಾಡಿನ ಒಂದು ಸಾಲೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಪೂರ್ತಿ ಕೇಳಿಸಿತು. ದೊಡ್ಡ ಸದ್ದಿಲ್ಲ, ಓಟವಿಲ್ಲ. ಒಂದು ಸಣ್ಣ ಮಟ್ಟು ಮತ್ತೆ ಮತ್ತೆ ಸುತ್ತಿ ಬರುತ್ತಿತ್ತು. ಪ್ರತಿ ಸಲ ಬಂದಾಗಲೂ ಹೆಬ್ಬೆರಳು ತಂತಿಯನ್ನು ಒಂಚೂರು ತಡವಾಗಿ ಬಿಡುತ್ತಿತ್ತು. ಮುಂದಿನ ಸ್ವರ ಯಾವುದು ಅಂತ ತಿಳಿಯದೆ ಕಾಯುವ ಸುಖ ಏನು ಅಂತ ನನಗೆ ಗೊತ್ತಾದದ್ದು ಅಲ್ಲಿ. ಅರಮನೆ ಮೈದಾನದ ಆ ರಾತ್ರಿಯಲ್ಲಿ ನಿಜವಾಗಿ ನನ್ನದಾಗಿ ಉಳಿದಿರುವುದು ಅದೊಂದೇ ಹಾಡು. ಕಾದು ಕೂತಿದ್ದ ಹಾಡು ಸಿಗಲಿಲ್ಲ, ಕಾಯದೇ ಇದ್ದದ್ದು ಸಿಕ್ಕಿತು.

ಈಗ ನಿಮ್ಮ ವಿಷಯ. 'ಈ ವಯಸ್ಸಿನಲ್ಲಿ ಚೆನ್ನಾಗಿ ನುಡಿಸುತ್ತಾರೋ ಇಲ್ಲವೋ' ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬೆರಳು ನಿಧಾನವಾಗಿರುತ್ತದೆ, ಅದರಲ್ಲಿ ಅನುಮಾನವೇ ಬೇಡ. ಆದರೆ ನಲವತ್ತು ವರ್ಷ ಒಂದೇ ವಾದ್ಯದ ಜೊತೆ ಬದುಕಿದವರು ಯಾವ ಸ್ವರವನ್ನು ಬಿಟ್ಟುಬಿಡಬೇಕು ಅಂತ ಕಲಿತಿರುತ್ತಾರೆ. ಅದು ಕ್ಯಾಸೆಟ್ಟಿನಲ್ಲಿ ಸಿಗುವುದಿಲ್ಲ, ಯಾಕೆಂದರೆ ಕ್ಯಾಸೆಟ್ಟಿನಲ್ಲಿ ಇರುವವರಿಗೆ ಅದಿನ್ನೂ ಬಂದಿರಲಿಲ್ಲ. 2023ರ ಜನವರಿಯಲ್ಲಿ ಇಂಗ್ಲಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ಜಾಝ್ ಮತ್ತು ಭಾರತೀಯ ಸಂಗೀತವನ್ನು ಬೆಸೆಯುವ 'ಶಕ್ತಿ' ತಂಡದ ಜೊತೆ ಬೆಂಗಳೂರಿಗೆ ಬಂದರು. ಆಗ ಅವರಿಗೆ 81 ವರ್ಷ. ಬಲಗೈ ಸಂಧಿವಾತದ ತೊಂದರೆ ಇದ್ದು, 2017ರಲ್ಲೇ ಅಮೆರಿಕದಲ್ಲಿ ವಿದಾಯದ ಪ್ರವಾಸ ಮುಗಿಸಿದ್ದವರು. ನಾನು ಹೋದೆ, ಈ ಸಲ ತಲೆ ಖಾಲಿ ಮಾಡಿಕೊಂಡು. ಅವರು ಹೊಸದಾಗಿ ಕಟ್ಟಿದ ಕೃತಿಗಳಿದ್ದ ಆಲ್ಬಮ್ ಆಗಿನ್ನೂ ಹೊರಬಂದಿರಲಿಲ್ಲ, ಹಾಗಾಗಿ ಹೋಲಿಸಲು ಹಳೆಯದೇನೂ ಇರಲಿಲ್ಲ. ಪಿಟೀಲಿನಲ್ಲಿ ಗಣೇಶ್ ರಾಜಗೋಪಾಲನ್, ಖಂಜಿರದಲ್ಲಿ ಸೆಲ್ವಗಣೇಶ್, ಹಾಡಲು ಶಂಕರ್ ಮಹಾದೇವನ್. ಜಾಕಿರ್ ಹುಸೇನ್ ತಬಲಾದಲ್ಲಿ ಒಂದು ಸಾಲು ಎಸೆದರೆ ಮೆಕ್‌ಲಾಫ್ಲಿನ್ ಮುಗುಳ್ನಗುತ್ತಾ ಅದಕ್ಕೆ ಉತ್ತರ ಹುಡುಕುತ್ತಿದ್ದರು. ಹುಡುಕುತ್ತಿದ್ದರು ಅಂತಲೇ ಹೇಳುತ್ತೇನೆ, ಉತ್ತರ ಮೊದಲೇ ಸಿದ್ಧವಾಗಿರಲಿಲ್ಲ. ಅದನ್ನು ನೋಡಲೆಂದೇ ನಾವು ಮನೆ ಬಿಟ್ಟು ಹೋಗುವುದು.

ಮರುವರ್ಷ ಫೆಬ್ರವರಿಯಲ್ಲಿ ಆ ಆಲ್ಬಮ್ಮಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾಕಿರ್ ಹುಸೇನ್ ತೀರಿಕೊಂಡರು. ಆ ಐವರನ್ನು ಹಾಗೆ ಒಟ್ಟಿಗೆ ಕೇಳುವ ಅವಕಾಶ ಇನ್ನು ಯಾರಿಗೂ ಇಲ್ಲ. ನಾಫ್ಲರ್ ಕೂಡ 2019ರ ನಂತರ ಪ್ರವಾಸ ಮಾಡಿಲ್ಲ. 2024ರ ಜನವರಿಯಲ್ಲಿ ತಮ್ಮ 120ಕ್ಕೂ ಹೆಚ್ಚು ಗಿಟಾರು, ಆಂಪ್ಲಿಫೈಯರುಗಳನ್ನು ಲಂಡನ್ನಿನ ಕ್ರಿಸ್ಟೀಸ್‌ನಲ್ಲಿ ಹರಾಜಿಗಿಟ್ಟು, ಬಂದದ್ದರಲ್ಲಿ ಕಾಲುಭಾಗ ದಾನಕ್ಕೆ ಕೊಟ್ಟರು. ಹೊಸ ಹಾಡು ಮಾಡುತ್ತಾರೆ, ಆದರೆ ಮೈದಾನಕ್ಕೆ ಬರುವುದಿಲ್ಲ. ನಿಮ್ಮವರು ಇನ್ನೂ ಬರುತ್ತಿದ್ದಾರೆ, ನೀವು ಹೋಗಲೋ ಬೇಡವೋ ಅಂತ ಲೆಕ್ಕ ಹಾಕುತ್ತಿದ್ದೀರಿ!

ಟಿಕೆಟ್ ವಿಷಯಕ್ಕೆ ಬಂದರೆ, ವೇದಿಕೆಗೆ ಅಂಟಿಕೊಂಡ ದುಬಾರಿ ಜಾಗ ಬೇಡ. ಅಲ್ಲಿ ಬಾಸ್ ಪೆಟ್ಟಿಗೆಗಳ ಗುದ್ದಿಗೆ ಗಿಟಾರಿನ ಸೂಕ್ಷ್ಮ ಮುಚ್ಚಿಹೋಗುತ್ತದೆ. ತೀರಾ ಹಿಂದೆಯೂ ಬೇಡ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ಹಿಂದೆ ನಿಂತರೆ ಪರದೆಯ ಮೇಲೆ ಬೆರಳು ಆಡಿ ಆದಮೇಲೆ ಸ್ವರ ಬರುತ್ತದೆ, ಕಣ್ಣು ಕಿವಿ ಹೊಂದುವುದೇ ಇಲ್ಲ. ಮೈದಾನದ ನಡುವೆ ಸೌಂಡ್ ಎಂಜಿನಿಯರ್ ಮಿಕ್ಸರ್ ಇಟ್ಟುಕೊಂಡು ಕೂತಿರುವ ಗೂಡು ಇರುತ್ತದಲ್ಲ, ಅದರ ಮುಂದೆ ನಿಲ್ಲಿ. ಆತ ತನ್ನ ಕಿವಿಗೆ ಸರಿ ಕಂಡಂತೆ ದನಿ ಹೊಂದಿಸುತ್ತಾನೆ, ಆತನ ಹತ್ತಿರ ನಿಂತರೆ ನಿಮಗೂ ಅದೇ ಸಿಗುತ್ತದೆ. ಸಾಮಾನ್ಯವಾಗಿ ಇದು ಮಧ್ಯಮ ದರದ ಟಿಕೆಟ್ಟಿನಲ್ಲೇ ಸಿಗುವ ಜಾಗ.

ಹಿಂದಿನ ಊರಿನಲ್ಲಿ ಯಾವ ಯಾವ ಹಾಡು ನುಡಿಸಿದರು ಅಂತ ಮೊಬೈಲಿನಲ್ಲಿ ಹುಡುಕಬೇಡಿ. ಆ ಪ್ರವಾಸದ ವಿಡಿಯೊ ನೋಡಬೇಡಿ. ನಿಮಗೆ ಬಾಯಿಪಾಠವಾಗಿರುವ ಆ ಆಲ್ಬಮ್ಮನ್ನು ಇವತ್ತಿನಿಂದಲೇ ನಿಲ್ಲಿಸಿ, ಹೊಸ ಆಲ್ಬಮ್ ಬಂದಿದ್ದರೆ ಅದನ್ನೂ ಕೇಳದೆ ಹೋಗಿ. ಹಾಡು ಗೊತ್ತಿದ್ದರೆ ಜೊತೆಗೆ ಹಾಡಬಹುದು ಅಂತ ಬೇರೆಯವರು ಹೇಳುತ್ತಾರೆ, ಅವರ ಇಷ್ಟ. ಗಿಟಾರ್ ಕೇಳಲು ಹೋಗುವವರಿಗೆ ನನ್ನ ಸಲಹೆ ಇದೇ. ಮೆಡಿಕಲ್ ಶಾಪಿನಲ್ಲಿ ಕಿವಿಗೆ ಹಾಕುವ ಫೋಮ್ ಸಿಗುತ್ತದೆ, ಒಂದು ಜೊತೆ ಜೇಬಿನಲ್ಲಿರಲಿ. ಸದ್ದು ತೀರಾ ಜಾಸ್ತಿಯಾದರೆ ಹಾಕಿಕೊಳ್ಳಿ. ಕೊನೆಗೆ ತಂಡದವರು ಕೈಮುಗಿದು ಒಳಗೆ ಹೋದಾಗ ಗಾಡಿ ತೆಗೆಯಲು ಓಡಬೇಡಿ. ಮತ್ತೆ ಬಂದು ಎರಡು ಮೂರು ಹಾಡು ನುಡಿಸಿಯೇ ನುಡಿಸುತ್ತಾರೆ.