ಹಳೆಯ ಡೆಸ್ಕ್‌ಟಾಪಿಗೆ ಹೊಸ ಭಾಗ: ಹಣ ಮೊದಲು ಎಲ್ಲಿ ಹಾಕಬೇಕು?

ಪ್ರಶ್ನೆ: ಮಾನ್ಯರೇ, ನಾನು ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಗಿರಣಿಯ ಪಕ್ಕದಲ್ಲೇ ನಮ್ಮ ಮನೆ. ಮನೆಯಲ್ಲಿ 2014ರಲ್ಲಿ ಜೋಡಿಸಿಕೊಂಡ ಡೆಸ್ಕ್‌ಟಾಪ್ ಇದೆ. ಅದರಲ್ಲಿ ಇಂಟೆಲ್ ಕೋರ್ ಐ3-4130 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್ ಮತ್ತು ವಿಂಡೋಸ್ 10 ಇವೆ. ಒಳಗಿನ ಭಾಗಗಳಿಗೆ ವಿದ್ಯುತ್ ಹಂಚುವ ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆಗೇ ಬಂದದ್ದು. ರಾತ್ರಿ ಹೊತ್ತು ನಾನು ಟ್ಯಾಲಿಯಲ್ಲಿ ಕೆಲಸ ಮಾಡುತ್ತೇನೆ, ಬಿ.ಕಾಂ. ಓದುತ್ತಿರುವ ಮಗಳು ವಿಡಿಯೊ ಪಾಠ ನೋಡುತ್ತಾಳೆ. ಸ್ವಿಚ್ ಹಾಕಿದ ಮೇಲೆ ಕೆಲಸಕ್ಕೆ ಬರಲು ಹತ್ತು ನಿಮಿಷವಾದರೂ ಬೇಕು. ಕರೆಂಟ್ ಹೋಗಿ ಬಂದರೆ ತಾರೀಖು ಹಿಂದಕ್ಕೆ ಹೋಗಿರುತ್ತದೆ. ಬೇಸಿಗೆಯ ಮಧ್ಯಾಹ್ನ ತಾನಾಗಿಯೇ ಆಫ್ ಆಗುವುದೂ ಉಂಟು. ರಿಪೇರಿಯವರು ಐ7 ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಎನ್ನುತ್ತಿದ್ದಾರೆ. ಹತ್ತು ಸಾವಿರ ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಏನೇನು ಬದಲಿಸಲಿ?
— ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡನ್ನೂ ಸದ್ಯಕ್ಕೆ ಬಿಟ್ಟುಬಿಡಿ. ನೀವು ವಿವರಿಸಿರುವ ತೊಂದರೆಗಳಲ್ಲಿ ಒಂದಕ್ಕೂ ಅವು ಪರಿಹಾರವಲ್ಲ. ಹನ್ನೊಂದು ಹನ್ನೆರಡು ವರ್ಷ ದುಡಿದ ಯಂತ್ರಕ್ಕೆ ಹಣ ಹಾಕುವಾಗ ನಾನು ಪಾಲಿಸುವ ನಿಯಮ ಒಂದೇ: ಈ ಯಂತ್ರ ಕೈಬಿಟ್ಟ ದಿನ ಕಳಚಿ ಮುಂದಿನ ಯಂತ್ರಕ್ಕೆ ಜೋಡಿಸಿಕೊಳ್ಳಬಹುದಾದ ಭಾಗಗಳಿಗೆ ಧಾರಾಳವಾಗಿ ಖರ್ಚು ಮಾಡಬೇಕು, ಇದರೊಂದಿಗೇ ಹೋಗುವ ಭಾಗಗಳಿಗೆ ಅತ್ಯಗತ್ಯವಾದಷ್ಟು ಮಾತ್ರ. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲು ಚಿಪ್ಪಿನಲ್ಲಿ ಮಾಹಿತಿ ಇಡುವ ಸಾಧನ), ಎಸ್‌ಎಂಪಿಎಸ್, ಯುಪಿಎಸ್, ಮಾನಿಟರ್ ಮೊದಲ ಗುಂಪಿಗೆ ಸೇರಿದರೆ, ಡಿಡಿಆರ್3 ಎಂಬ ಹಳೆಯ ಮಾದರಿಯ ರ‍್ಯಾಮ್ ಮತ್ತು ಹಳೆಯ ಸಾಕೆಟ್ಟಿನ ಪ್ರೊಸೆಸರ್ ಎರಡನೆಯ ಗುಂಪಿಗೆ ಸೇರುತ್ತವೆ.

ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಯಂತ್ರ ಆನ್ ಆದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಮೂರು ಅಂಕಣಗಳನ್ನು ಗಮನಿಸಿ. ಆ ಹತ್ತು ನಿಮಿಷವೂ ಡಿಸ್ಕ್ ಶೇ 100ರಲ್ಲೇ ನಿಂತಿದ್ದು, ಸಿಪಿಯು ಅದರ ಕಾಲುಭಾಗವನ್ನೂ ಮುಟ್ಟದಿದ್ದರೆ, ಪ್ರೊಸೆಸರ್ ಕೆಲಸವಿಲ್ಲದೆ ಕಾಯುತ್ತಿದೆ ಎಂದೇ ಅರ್ಥ. ನಿಮ್ಮದು ಇದೇ ಸ್ಥಿತಿ ಎಂದು ನನಗೆ ಬಹುಮಟ್ಟಿಗೆ ಖಚಿತವಿದೆ. ಕಾಯುತ್ತಿರುವ ಐ3 ಜಾಗದಲ್ಲಿ ಐ7 ಕೂರಿಸಿದರೆ ಅದೂ ಕಾಯುತ್ತದೆ.

ಹಾರ್ಡ್ ಡಿಸ್ಕ್ ಏಕೆ ಇಷ್ಟು ಕಾಯಿಸುತ್ತದೆ ಎಂಬುದನ್ನು ತಿಳಿದರೆ ಎಸ್‌ಎಸ್‌ಡಿಗೆ ಕೊಡುವ ಹಣ ದಂಡವೆನಿಸುವುದಿಲ್ಲ. ಡೆಸ್ಕ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕಿನ ತಟ್ಟೆ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4 ಮಿಲಿಸೆಕೆಂಡ್ ಬೇಕು. ಸೂಜಿ ಸರಿಯಾದ ಪಥಕ್ಕೆ ಸರಿಯಲು ಅದರ ಎರಡರಷ್ಟು ಸಮಯ ಹಿಡಿಯುತ್ತದೆ. ಹೀಗಾಗಿ ಚದುರಿಬಿದ್ದ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ನೂರರ ಆಸುಪಾಸಿನಲ್ಲಷ್ಟೇ ಹೆಕ್ಕಿ ಕೊಡಬಲ್ಲದು. ವಿಂಡೋಸ್ ಆರಂಭವಾಗುವಾಗ ಇಂಥ ಸಣ್ಣ ಕಡತಗಳನ್ನೇ ಸಾವಿರ ಸಾವಿರ ಸಂಖ್ಯೆಯಲ್ಲಿ ಕೇಳುತ್ತದೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಮಾಡುತ್ತದೆ. ಆದ್ದರಿಂದಲೇ ಇದೇ ಐ3 ಪ್ರೊಸೆಸರ್ ಇದ್ದ ಯಂತ್ರ ಎಸ್‌ಎಸ್‌ಡಿ ಹಾಕಿದ ಮೇಲೆ ಅರ್ಧ ನಿಮಿಷದೊಳಗೆ ಕೆಲಸಕ್ಕೆ ಸಿದ್ಧವಾಗುತ್ತದೆ.

ನಿಮ್ಮ ಬೋರ್ಡಿಗೆ ಬೇಕಾದದ್ದು ಹಾರ್ಡ್ ಡಿಸ್ಕಿನಂತೆಯೇ ಕೇಬಲ್ಲಿನಿಂದ ಜೋಡಿಸುವ 2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಅಂಗಡಿಯಲ್ಲಿ ಚೂಯಿಂಗ್ ಗಮ್ ಪಟ್ಟಿಯಂತಿರುವ ಎನ್‌ವಿಎಂಇ ಎಸ್‌ಎಸ್‌ಡಿಯನ್ನು ತೋರಿಸಿ, ಇದು ಹಲವು ಪಟ್ಟು ವೇಗದ್ದು, ಅಡಾಪ್ಟರ್ ಹಾಕಿ ಕೂರಿಸಿಕೊಡುತ್ತೇವೆ ಎನ್ನಬಹುದು. ಎಚ್81 ಬೋರ್ಡುಗಳ ಬಯೋಸ್ (ಯಂತ್ರವನ್ನು ಆರಂಭಿಸುವ ಮೂಲ ತಂತ್ರಾಂಶ) ಸಾಮಾನ್ಯವಾಗಿ ಅದರಿಂದ ವಿಂಡೋಸ್ ಆರಂಭಿಸುವುದಿಲ್ಲವಾದ್ದರಿಂದ ಒಪ್ಪಿಕೊಳ್ಳಬೇಡಿ. ಎಚ್81 ಚಿಪ್‌ಸೆಟ್ಟಿನಲ್ಲಿ 6 ಗಿಗಾಬಿಟ್ ವೇಗದ ಸಾಟಾ ಪೋರ್ಟ್ ಎರಡು, 3 ಗಿಗಾಬಿಟ್ಟಿನವು ಎರಡು ಇರುತ್ತವೆ. ಹೊಸ ಎಸ್‌ಎಸ್‌ಡಿಯನ್ನು 6 ಗಿಗಾಬಿಟ್ ಪೋರ್ಟಿಗೇ ಜೋಡಿಸಲು ಹೇಳಿ. 500 ಜಿಬಿಯದು ಸಿಕ್ಕರೆ ಒಳ್ಳೆಯದು, ಹಣ ಸಾಲದಿದ್ದರೆ 250 ಜಿಬಿ ಸಾಕು. ವಿಂಡೋಸ್ ಮತ್ತು ಟ್ಯಾಲಿ ಎಸ್‌ಎಸ್‌ಡಿಯಲ್ಲಿರಲಿ, ಹಳೆಯ ಡಿಸ್ಕಿನಲ್ಲಿ ಫೋಟೊ, ವಿಡಿಯೊ ಇಟ್ಟುಕೊಳ್ಳಿ.

ಆದರೆ ಆ ಹಳೆಯ ಡಿಸ್ಕನ್ನು ಕಣ್ಣುಮುಚ್ಚಿ ನಂಬಬೇಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದಾಗ ಡಿಸ್ಕಿನ ಸ್ಥಿತಿ ‘ಗುಡ್’ ಎಂದಲ್ಲದೆ ‘ಕಾಷನ್’ ಎಂದು ಬಂದರೆ, ಅದರಲ್ಲಿನ ಕೆಲವು ಸೆಕ್ಟರುಗಳು (ಮಾಹಿತಿ ಇಡುವ ಸಣ್ಣ ಜಾಗಗಳು) ಈಗಾಗಲೇ ಕೆಟ್ಟಿರುವ ಸಾಧ್ಯತೆಯೇ ಹೆಚ್ಚು. ಫಲಿತಾಂಶ ಏನೇ ಬಂದರೂ, ಸ್ಕ್ರೂ ಬಿಚ್ಚುವ ಮೊದಲು ಟ್ಯಾಲಿಯ ಬ್ಯಾಕಪ್ ಒಂದನ್ನು ಪೆನ್‌ಡ್ರೈವಿಗೂ ಇನ್ನೊಂದನ್ನು ಬೇರೆ ಯಂತ್ರಕ್ಕೂ ತೆಗೆದಿಡಿ. ಗಿರಣಿಯ ಲೆಕ್ಕ ಕಳೆದುಹೋದರೆ ಯಾವ ಹೊಸ ಭಾಗವೂ ಅದನ್ನು ತಂದುಕೊಡುವುದಿಲ್ಲ.

ರ‍್ಯಾಮ್ ವಿಚಾರ ಸರಳ. ಈಗಿರುವ 4 ಜಿಬಿಯ ಜೊತೆಗೆ ಇನ್ನೊಂದು 4 ಜಿಬಿಯ ಡಿಡಿಆರ್3 1600 ಪಟ್ಟಿ ಹಾಕಿಸಿದರೆ ಎರಡೂ ಸ್ಲಾಟ್ ತುಂಬಿ, ಜೋಡಿಯಾಗಿ ಕೆಲಸ ಮಾಡುತ್ತವೆ. ಟ್ಯಾಲಿ, ಬ್ರೌಸರ್, ವಿಡಿಯೊ ಪಾಠಕ್ಕೆ 8 ಜಿಬಿ ಸಾಕು. ಡಿಡಿಆರ್4 ಪಟ್ಟಿಯ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅದು ಈ ಬೋರ್ಡಿನಲ್ಲಿ ಕೂರುವುದೇ ಇಲ್ಲ. ಆನ್‌ಲೈನಿನಲ್ಲಿ ತೀರ ಅಗ್ಗಕ್ಕೆ ಸಿಗುವ 8 ಜಿಬಿ ಡಿಡಿಆರ್3 ಪಟ್ಟಿಗಳಲ್ಲಿ ಎಎಂಡಿ ಬೋರ್ಡಿನಲ್ಲಿ ಮಾತ್ರ ನಡೆಯುವಂಥವು ಇರುತ್ತವೆ, ಎಚ್ಚರ. ಇನ್ನೊಂದು ಮಾತು: ನಿಮ್ಮ ವಿಂಡೋಸ್ 32-ಬಿಟ್ ಆಗಿದ್ದರೆ ಎಷ್ಟು ರ‍್ಯಾಮ್ ಹಾಕಿದರೂ ಅದು 4 ಜಿಬಿಗಿಂತ ಹೆಚ್ಚು ಬಳಸಲಾರದು. ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿ ‘ಅಬೌಟ್’ ಎಂಬಲ್ಲಿ ಇದು ತಿಳಿಯುತ್ತದೆ. 32-ಬಿಟ್ ಇದ್ದರೆ ಎಸ್‌ಎಸ್‌ಡಿಗೆ ಹಳೆಯದನ್ನು ನಕಲು ಮಾಡಿಸದೆ, 64-ಬಿಟ್ ವಿಂಡೋಸನ್ನು ಹೊಸದಾಗಿಯೇ ಹಾಕಿಸಿಕೊಳ್ಳಿ.

ಇನ್ನು ಬೇಸಿಗೆಯಲ್ಲಿ ತಾನಾಗಿಯೇ ಆಫ್ ಆಗುವುದು. ಇದಕ್ಕೆ ಮೊದಲ ಔಷಧ ಹೊಸ ಭಾಗವಲ್ಲ, ಶುಚಿ ಮಾಡುವುದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಫ್ಯಾನ್ ಒಳಗೆ ಎಳೆದುಕೊಳ್ಳುವ ಗಾಳಿಯೇ ಅಷ್ಟು ಬಿಸಿಯಿದ್ದಾಗ ಪ್ರೊಸೆಸರ್ ಅದಕ್ಕಿಂತ ತಣ್ಣಗಾಗುವ ಮಾತೇ ಇಲ್ಲ. ಅದರ ಮೇಲೆ ಗಿರಣಿ ಪಕ್ಕದ ಮನೆಯೆಂದರೆ ಉಮಿ ಮತ್ತು ತೌಡಿನ ನಯವಾದ ಧೂಳು ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಮೆತ್ತಿಕೊಂಡಿರುತ್ತದೆ. ಕ್ಯಾಬಿನೆಟ್ಟನ್ನು ಅಂಗಳಕ್ಕೆ ತಂದು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು, ಬ್ಲೋವರಿನಿಂದ ಧೂಳು ಹೊಡೆಯಿರಿ. ನಂತರ ಹೀಟ್‌ಸಿಂಕ್ ತೆಗೆಸಿ ಪ್ರೊಸೆಸರಿನ ಬಿಸಿಯನ್ನು ಅದಕ್ಕೆ ದಾಟಿಸುವ, ಈಗ ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿಸಿ. ಇಂಟೆಲ್ ಜೊತೆಗೆ ಬರುವ ಕೂಲರಿಗೆ ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ ಪಿನ್ನುಗಳಿರುತ್ತವೆ. ಅವನ್ನು ಒಂದಕ್ಕೊಂದು ಎದುರು ಮೂಲೆಯ ಕ್ರಮದಲ್ಲಿ ಒತ್ತಬೇಕು, ಪ್ರತಿಯೊಂದೂ ‘ಟಕ್’ ಎಂದು ಕೂರಬೇಕು. ಒಂದು ಪಿನ್ ಮುರಿದಿದ್ದರೂ ಆ ಮೂಲೆ ಎದ್ದು ನಿಂತು, ಎಷ್ಟೇ ಪೇಸ್ಟ್ ಹಚ್ಚಿದರೂ ಪ್ರೊಸೆಸರ್ ಬಿಸಿಯಾಗುತ್ತಲೇ ಇರುತ್ತದೆ.

ಶುಚಿ ಮಾಡಿದ ಮೇಲೂ ಆಫ್ ಆದರೆ ಅನುಮಾನ ಎಸ್‌ಎಂಪಿಎಸ್ ಮೇಲೆ. ನಿಜ ಹೇಳಬೇಕೆಂದರೆ, ಆಫ್ ಆಗದಿದ್ದರೂ ನಾನು ಅದನ್ನು ಬದಲಿಸಲೇ ಹೇಳುತ್ತೇನೆ. ಕ್ಯಾಬಿನೆಟ್ ಜೊತೆ ಪುಕ್ಕಟೆಯೆಂಬಂತೆ ಬರುವ ಎಸ್‌ಎಂಪಿಎಸ್‌ಗಳ ಮೇಲೆ 450 ವಾಟ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ, ಪಕ್ಕದ ಚೀಟಿಯಲ್ಲಿ 12 ವೋಲ್ಟ್ ಸಾಲಿನ ಕೆಳಗೆ ಎಷ್ಟು ಆಂಪಿಯರ್ ಎಂದಿದೆಯೋ ಅದೇ ಮುಖ್ಯ. ಅಲ್ಲಿ 15 ಎಂದಿದ್ದರೆ ಆ ಸಾಲಿನಿಂದ ಸಿಗುವುದು 180 ವಾಟ್ ಮಾತ್ರ. 30 ಎಂದಿದ್ದರೆ 360 ವಾಟ್. ವೋಲ್ಟೇಜ್ ಏರಿಳಿತವನ್ನೂ ಸೆಕೆಯನ್ನೂ ತಡೆದು ತಡೆದು ವಿದ್ಯುತ್ ತುಂಬಿಟ್ಟುಕೊಳ್ಳುವ ಅದರ ಕೆಪಾಸಿಟರುಗಳು ಸೊರಗಿರುತ್ತವೆ, ಮತ್ತು ಅಗ್ಗದ ಎಸ್‌ಎಂಪಿಎಸ್ ಸುಡುವಾಗ ಮದರ್‌ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದೊಯ್ಯಬಲ್ಲದು. ವಿದ್ಯುತ್ ಕಡಿಮೆ ಪೋಲು ಮಾಡುತ್ತದೆಂಬ 80 ಪ್ಲಸ್ ಮುದ್ರೆಯಿರುವ, ಹೆಸರು ಮಾಡಿದ ಕಂಪನಿಯ 450 ವಾಟಿನದನ್ನು ನಿಮ್ಮೂರ ಅಂಗಡಿಯಲ್ಲೇ, ಜಿಎಸ್‌ಟಿ ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡು ಕೊಳ್ಳಿ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿಗೋ ಬೆಂಗಳೂರಿನ ಎಸ್.ಪಿ. ರೋಡಿಗೋ ಹೋದರೆ ಬೆಲೆ ಸ್ವಲ್ಪ ಇಳಿಯಬಹುದು, ಆದರೆ ವಾರಂಟಿಗಾಗಿ ಮತ್ತೆ ಅಷ್ಟು ದೂರ ಹೋಗುವುದು ಕಷ್ಟ.

ತಾರೀಖು ಹಿಂದಕ್ಕೆ ಹೋಗುವುದು ಬೋರ್ಡಿನ ಮೇಲಿನ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ ಮುಗಿದ ಲಕ್ಷಣ. ತಾರೀಖು ತಪ್ಪಿದ್ದರೆ ಬ್ರೌಸರ್ ಬ್ಯಾಂಕಿನ ಮತ್ತು ಜಿಎಸ್‌ಟಿಯ ಪುಟಗಳನ್ನು ಸುರಕ್ಷಿತವಲ್ಲವೆಂದು ತಡೆಯುತ್ತದೆ. ಹೊಸ ಸೆಲ್ ಹಾಕಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ಮಾಡಿಸುವ ಮುಂಚೆ ಟಾರ್ಚ್ ಹಿಡಿದು ಮದರ್‌ಬೋರ್ಡ್ ಮೇಲಿನ ಸಣ್ಣ ಸಿಲಿಂಡರುಗಳಂಥ ಕೆಪಾಸಿಟರುಗಳ ನೆತ್ತಿ ನೋಡಿ. ನೆತ್ತಿ ಉಬ್ಬಿದ್ದರೆ ಅಥವಾ ಕಂದು ಬಣ್ಣದ ದ್ರವ ಒಸರಿ ಒಣಗಿದ್ದರೆ ಆ ಬೋರ್ಡಿಗೆ ರ‍್ಯಾಮ್ ಕೊಳ್ಳಬೇಡಿ. ಎಸ್‌ಎಸ್‌ಡಿ ಮತ್ತು ಎಸ್‌ಎಂಪಿಎಸ್ ಮಾತ್ರ ಕೊಂಡು, ಹೊಸ ಯಂತ್ರಕ್ಕೆ ಹಣ ಕೂಡಿಸಲು ಆರಂಭಿಸಿ.

ಐ7 ಬಗ್ಗೆ ಕೊನೆಯದಾಗಿ ಒಂದು ಮಾತು. ನಿಮ್ಮ ಬೋರ್ಡಿಗೆ ಹೊಂದುವ ಐ7-4770 ಈಗ ಸಿಗುವುದು ಬಳಸಿದ್ದು ಮಾತ್ರ. ನಿಮ್ಮ ಐ3ಗೆ ನಿಗದಿಯಾದ ಶಾಖದ ಮಿತಿ 54 ವಾಟ್, ಅದರದ್ದು 84 ವಾಟ್; ಆಗಲೇ ಸೆಕೆಗೆ ಸೋಲುತ್ತಿರುವ ಕ್ಯಾಬಿನೆಟ್ಟಿಗೆ ಅದು ಇನ್ನಷ್ಟು ಬಿಸಿ ತುಂಬುತ್ತದೆ. ಅದನ್ನು ಹಾಕಿದರೂ ವಿಂಡೋಸ್ 11ಕ್ಕೆ ಅರ್ಹತೆ ಬರುವುದಿಲ್ಲ, ಏಕೆಂದರೆ ಇಂಟೆಲ್‌ನಲ್ಲಿ ಮೈಕ್ರೋಸಾಫ್ಟ್ ಒಪ್ಪುವುದು ಬಹುತೇಕ ಎಂಟನೆಯ ಪೀಳಿಗೆ ಮತ್ತು ನಂತರದವನ್ನು. ನಿಮ್ಮದು ನಾಲ್ಕನೆಯ ಪೀಳಿಗೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪರಿಷ್ಕರಣೆ ಕೊಡುವುದಾಗಿ ಕಂಪನಿ ಪ್ರಕಟಿಸಿತ್ತು. ಟ್ಯಾಲಿ ವಿಂಡೋಸಿಗೆಂದೇ ಮಾಡಿದ ತಂತ್ರಾಂಶವಾದ್ದರಿಂದ ನಿಮಗೆ ವಿಂಡೋಸ್ ಬಿಡಲಾಗದು. ಆದರೆ ಮಗಳ ಪಾಠಕ್ಕೆ ಮತ್ತು ಬ್ಯಾಂಕ್ ವ್ಯವಹಾರಕ್ಕೆ ಅದೇ ಎಸ್‌ಎಸ್‌ಡಿಯ ಇನ್ನೊಂದು ಭಾಗದಲ್ಲಿ ವಿಂಡೋಸಿನಂತೆಯೇ ಯಂತ್ರ ನಡೆಸುವ ಉಚಿತ ಲಿನಕ್ಸ್ ಮಿಂಟ್ ಹಾಕಿಸಿ, ಇಂಟರ್ನೆಟ್ ಕೆಲಸವನ್ನೆಲ್ಲ ಅದರಲ್ಲೇ ಮಾಡುವುದು ನನ್ನ ಸಲಹೆ.

ಪ್ರಶ್ನೆ: ಮನೆಗೆ ಇನ್ವರ್ಟರ್ ಹಾಕಿಸಿದ್ದೇವೆ. ಕರೆಂಟ್ ಹೋದಾಗ ಫ್ಯಾನು, ದೀಪ ನಡೆಯುತ್ತವೆ, ಆದರೆ ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಮೊದಲೆಲ್ಲ ಹೀಗಾಗುತ್ತಿರಲಿಲ್ಲ. ಬೇರೆ ಯುಪಿಎಸ್ ಕೊಳ್ಳಲೇಬೇಕೆ?
— ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ‘ಮೊದಲೆಲ್ಲ ಹೀಗಾಗುತ್ತಿರಲಿಲ್ಲ’ ಎಂಬ ನಿಮ್ಮ ಮಾತೇ ಸುಳಿವು ಕೊಡುತ್ತದೆ. ಕರೆಂಟ್ ಕಡಿದು ಬ್ಯಾಟರಿ ಹಿಡಿದುಕೊಳ್ಳುವ ನಡುವಿನ ಕ್ಷಣವನ್ನು ಎಸ್‌ಎಂಪಿಎಸ್ ತನ್ನ ಕೆಪಾಸಿಟರಿನಲ್ಲಿ ತುಂಬಿಟ್ಟ ವಿದ್ಯುತ್ತಿನಿಂದ ದಾಟಬೇಕು. ಒಳ್ಳೆಯ ಎಸ್‌ಎಂಪಿಎಸ್ ಪೂರ್ಣ ಹೊರೆಯಲ್ಲೂ 16 ಮಿಲಿಸೆಕೆಂಡಿನಷ್ಟು ತಡೆಯುತ್ತದೆ. ವಯಸ್ಸಾದಂತೆ ಈ ಶಕ್ತಿ ಕುಗ್ಗುತ್ತದೆ. ಮೊದಲು ಇನ್ವರ್ಟರಿನ ಹಿಂಭಾಗ ನೋಡಿ. ಹಲವು ಇನ್ವರ್ಟರುಗಳಲ್ಲಿ ‘ಯುಪಿಎಸ್’ ಮತ್ತು ‘ನಾರ್ಮಲ್’ ಎಂಬ ಎರಡು ಸ್ಥಾನದ ಸಣ್ಣ ಸ್ವಿಚ್ ಇರುತ್ತದೆ. ನಾರ್ಮಲ್ ಕಡೆ ಇದ್ದರೆ ಬದಲಾವಣೆ ನಿಧಾನ, ಫ್ಯಾನಿಗೆ ಅದು ತಿಳಿಯುವುದೇ ಇಲ್ಲ, ಕಂಪ್ಯೂಟರಿಗೆ ತಿಳಿಯುತ್ತದೆ. ಯುಪಿಎಸ್ ಕಡೆ ಇಟ್ಟ ಮೇಲೂ ರೀಸ್ಟಾರ್ಟ್ ಆದರೆ ಎಸ್‌ಎಂಪಿಎಸ್ ಬದಲಿಸಿ. ನಿಮ್ಮ ಇನ್ವರ್ಟರ್ ಸೈನ್ ವೇವ್ (ಲೈನಿನ ಕರೆಂಟಿನಂತೆಯೇ ನಯವಾದ ವಿದ್ಯುತ್ ಕೊಡುವ) ಮಾದರಿಯದಾಗಿದ್ದರೆ ಬೇರೆ ಯುಪಿಎಸ್ ಬೇಕಾಗುವುದಿಲ್ಲ. ಕೊಳ್ಳಲೇಬೇಕಾಗಿ ಬಂದರೆ ಸಾಮಾನ್ಯ ಮನೆ ಡೆಸ್ಕ್‌ಟಾಪಿಗೆ 600 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ್ದು ಸಾಕು, ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಜೋಡಿಸಬೇಡಿ. ಯುಪಿಎಸ್ಸನ್ನು ಬಿಸಿಲು ಬೀಳುವ ಗೋಡೆಯ ಪಕ್ಕ ಇಡಬೇಡಿ. ಉಷ್ಣಾಂಶ 10 ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಪ್ರಶ್ನೆ: ಮಗನ ಹಟಕ್ಕೆ ಬಳಸಿದ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ನೋಡಿದ್ದೇವೆ. ಬೆಲೆ ತುಂಬ ಕಡಿಮೆ ಇದೆ. ನಂಬಬಹುದೇ?
— ಓದುಗರು, ಬಳ್ಳಾರಿ

ಉತ್ತರ: ಬೆಲೆ ತುಂಬ ಕಡಿಮೆ ಇರುವುದರಿಂದಲೇ ಪರೀಕ್ಷಿಸದೆ ಕೊಳ್ಳಬೇಡಿ. ಬಹಳ ಹಳೆಯ ಕಾರ್ಡುಗಳ ಬಯೋಸ್ ತಿದ್ದಿ ಈ ಹೆಸರಿನಲ್ಲಿ ಮಾರುವ ಮೋಸ ವರ್ಷಗಳಿಂದ ನಡೆದಿದೆ. ಕಾರ್ಡಿನ ಹಿಂಬದಿಯಲ್ಲಿ ನೀಲಿ ಬಣ್ಣದ ವಿಜಿಎ ಪೋರ್ಟ್ ಕಂಡರೆ ಅಲ್ಲಿಗೇ ಅನುಮಾನ ಪಡಿ. 2016ರಲ್ಲಿ ಬಂದ ಅಸಲಿ 1050 ಟಿಐ ಚಿಪ್ಪಿಗೆ ವಿಜಿಎ ಸಂಕೇತ ಹೊರಡಿಸುವ ಶಕ್ತಿಯೇ ಇಲ್ಲ. ಮಾರುವವರ ಎದುರೇ ಯಂತ್ರಕ್ಕೆ ಹಾಕಿ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ತೆರೆಯಿರಿ: ಅಸಲಿಯಾದರೆ 768 ಶೇಡರ್ (ಚಿತ್ರ ಮೂಡಿಸುವ ಲೆಕ್ಕ ಮಾಡುವ ಘಟಕ) ಎಂದು ತೋರಿಸುತ್ತದೆ, ನಕಲಿ ಎಂದು ಗುರುತು ಹಿಡಿದರೆ ಹೆಸರಿನ ಮುಂದೆ ‘ಫೇಕ್’ ಎಂದೇ ಬರುತ್ತದೆ. ಅಸಲಿಯಾಗಿದ್ದರೂ ಈ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳಿಗಾಗಿ ಬರುತ್ತಿದ್ದ ಡ್ರೈವರ್ ತಂತ್ರಾಂಶಗಳು 2025ರ ಅಕ್ಟೋಬರಿಗೆ ನಿಂತಿವೆ, ಇನ್ನು ಬರುವುದು ಭದ್ರತಾ ಪರಿಷ್ಕರಣೆ ಮಾತ್ರ. ಚೌಕಾಸಿ ಮಾಡುವಾಗ ಇದನ್ನು ಹೇಳಿ. ಅದಿರಿನ ಲಾರಿಗಳ ಕೆಂಧೂಳು ಕುಡಿದ ಕಾರ್ಡಾದರೆ ಫ್ಯಾನನ್ನು ಬೆರಳಲ್ಲಿ ತಿರುಗಿಸಿ ನೋಡಿ, ಬಿಗಿಯಾಗಿದ್ದರೆ ಅಥವಾ ಅಲುಗಾಡಿದರೆ ಬೇರಿಂಗ್ ಸವೆದಿರುತ್ತದೆ. ಅರ್ಧ ಗಂಟೆ ಆಟ ಓಡಿಸಿ ನೋಡಲು ಮಾರುವವರು ಒಪ್ಪದಿದ್ದರೆ ಆ ಕಾರ್ಡ್ ಬಿಟ್ಟು ಬೇರೆ ನೋಡಿ.