ನೀಮ್‌ಗೆ ಬರಲಿರುವ ದುರ್ಗದ ತಂಗಿಗೆ

ತಂಗಿ, ದಕ್ಷಿಣ ಫ್ರಾನ್ಸಿನ ನೀಮ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ ಎಂದು ಬರೆದಿದ್ದೀಯ. ಪ್ಯಾರಿಸ್ ಬಿಟ್ಟು ಅಲ್ಲಿಗೆ ಬರಬೇಕೆ, ಹಳೆಯ ಕಲ್ಲುಗಳ ಹೊರತು ಆ ಊರಿನಲ್ಲಿ ಏನಿದೆ ಎಂದೂ ಕೇಳಿದ್ದೀಯ. ಹನ್ನೊಂದು ವರ್ಷದಿಂದ ಇಲ್ಲಿ ಸಂಸಾರ ಮಾಡಿಕೊಂಡಿರುವ ನಾನು ಆ ಕಲ್ಲುಗಳ ವಿಷಯವನ್ನೇ ಮೊದಲು ಹೇಳುತ್ತೇನೆ. ಚಿತ್ರದುರ್ಗದವಳಿಗೆ ಅದು ಬೇಗ ಹಿಡಿಸುತ್ತದೆ.

ಇಲ್ಲಿಗೆ ಬಂದವರೆಲ್ಲ ಮೊದಲು ರೋಮನ್ನರ ರಂಗಮಂಡಲ, ಅಂದರೆ ಸುತ್ತಲೂ ಮೆಟ್ಟಿಲು ಆಸನಗಳಿರುವ ಬಯಲು ರಂಗಮಂದಿರ, ನೋಡಲು ಓಡುತ್ತಾರೆ. ನೀನು ಓಡಬೇಡ. ನಿನ್ನ ವಿಶ್ವವಿದ್ಯಾಲಯ ಇರುವುದು 17ನೇ ಶತಮಾನದ ಒಂದು ಕೋಟೆಯಲ್ಲಿ. ಅದರ ಬುಡದಲ್ಲಿ, ಲಾಂಪೆಜ್ ಬೀದಿಯ ಮನೆಗಳ ನಡುವೆ, ರೋಮನ್ನರು ಕಟ್ಟಿದ, ಆರು ಮೀಟರಿನಷ್ಟು ಅಗಲದ ದುಂಡು ಕಲ್ಲುತೊಟ್ಟಿಯೊಂದಿದೆ. ಒಂದು ಬದಿಯಿಂದ ಕಾಲುವೆ ಬಂದು ಸೇರುತ್ತದೆ, ಎದುರು ಗೋಡೆಯಲ್ಲಿ ಸಾಲಾಗಿ ಹತ್ತು ದುಂಡು ಕಂಡಿಗಳು. ಅಲ್ಲಿಂದ ಸೀಸದ ಕೊಳವೆಗಳು ಊರಿನ ಕೇರಿಕೇರಿಗೂ ನೀರು ಒಯ್ಯುತ್ತಿದ್ದವು. ಆ ನೀರು ಹೊರಟದ್ದು ಯುಜೆಸ್ ಎಂಬ ಊರಿನ ಹತ್ತಿರದ ಚಿಲುಮೆಯಿಂದ. ಗುಡ್ಡಗಳನ್ನು ಬಳಸಿಕೊಂಡು ಸುಮಾರು 50 ಕಿಲೋಮೀಟರ್ ಹರಿದು ಬಂದರೂ ಇಳಿಜಾರು ಇದ್ದದ್ದು ಒಟ್ಟು ಹನ್ನೆರಡು ಚಿಲ್ಲರೆ ಮೀಟರ್ ಮಾತ್ರ! ದಾರಿಯಲ್ಲಿ ಗಾರ್ದೋಂ ನದಿಯನ್ನು ದಾಟಿಸಲು ಕಟ್ಟಿದ್ದೇ ಪೋನ್ ದ್ಯು ಗಾರ್, 49 ಮೀಟರ್ ಎತ್ತರದ ಮೂರು ಅಂತಸ್ತಿನ ಸೇತುವೆ. ದುರ್ಗದ ಕೋಟೆಯಲ್ಲಿ ಅಕ್ಕ ತಂಗಿ ಹೊಂಡ ತುಂಬಿ ಕೆಳಗಿನ ಹೊಂಡಗಳಿಗೆ ಹರಿಯುವುದನ್ನು ನೋಡಿ ಬೆಳೆದ ನಿನಗೆ ಆ ಹತ್ತು ಕಂಡಿಗಳ ಮುಂದೆ ನಿಂತಾಗ ಯಾರೂ ವಿವರಿಸಬೇಕಾಗಿಲ್ಲ.

ಊರಿನ ಹೆಸರೂ ನೀರಿನದೇ. ನೆಮೌಸಸ್ ಎಂಬ ಬುಗ್ಗೆಯ ದೇವರಿಂದ ಬಂದದ್ದು. ಆ ಬುಗ್ಗೆ ಈಗಲೂ ಫೋಂತೇನ್ ಉದ್ಯಾನದಲ್ಲಿದೆ. ಪರೀಕ್ಷೆಯ ದಿನಗಳಲ್ಲಿ ಅದರ ದಂಡೆಯಲ್ಲಿ ಕುಳಿತು ಓದು.

ಇನ್ನು ಮೇಜೋನ್ ಕಾರೆ. ಅಗಸ್ಟಸ್ ಚಕ್ರವರ್ತಿ ದತ್ತು ತೆಗೆದುಕೊಂಡ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸರ ಹೆಸರಿನ ದೇಗುಲ ಅದು. ಮುಂದೆ ಅದು ಚರ್ಚಾಯಿತು, ಲಾಯವೂ ಆಯಿತು. ಯಾರೋ ಒಬ್ಬರು ಸದಾ ಬಳಸುತ್ತಿದ್ದುದರಿಂದಲೇ ಉಳಿಯಿತು ಎಂಬುದು ನನ್ನ ನಂಬಿಕೆ. ಮುಂಭಾಗದಲ್ಲಿ ತಲೆಯೆತ್ತಿ ನೋಡಿದರೆ ಕಲ್ಲಿನ ಮೇಲೆ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಕಂಚಿನ ಅಕ್ಷರಗಳು ಎಂದೋ ಕಳೆದುಹೋಗಿ, ಮೊಳೆ ಹೊಡೆದ ಗುರುತುಗಳಷ್ಟೇ ಉಳಿದಿದ್ದವು. 1758ರಲ್ಲಿ ಇದೇ ಊರಿನ ವಿದ್ವಾಂಸ ಸೆಗಿಯೆ ಆ ತೂತುಗಳ ಜೋಡಣೆಯಿಂದಲೇ ಇಡೀ ಶಾಸನವನ್ನು ಓದಿದ. ನನಗೆ ಇಲ್ಲಿ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಇದು. 2023ರಲ್ಲಿ ಈ ದೇಗುಲ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಅಂದಹಾಗೆ, ನಿಮ್ಮ ಚಂದ್ರವಳ್ಳಿಯಲ್ಲಿ ನೆಲ ಅಗೆದಾಗ ಸಿಕ್ಕಿದ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಈ ಅಗಸ್ಟಸನವೂ ಇವೆ.

ರಂಗಮಂಡಲದಲ್ಲಿ ಬೇಸಿಗೆಗೆ ಸಂಗೀತ, ಜಾತ್ರೆಯ ದಿನಗಳಲ್ಲಿ ಗೂಳಿ ಕಾಳಗ ನಡೆಯುತ್ತವೆ. ಕಾಳಗಕ್ಕೆ ನಾನು ಹೋಗುವುದಿಲ್ಲ, ಗೂಳಿಯನ್ನು ಕೊಲ್ಲುವುದನ್ನು ನೋಡಲಾರೆ. ಆ ದಿನಗಳಲ್ಲಿ ಬೀದಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅಷ್ಟು ನೆನಪಿಟ್ಟುಕೊ.

ಈಗ ಮನೆಯ ವಿಷಯ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಗುಡ್ಡದಿಂದ ಇಳಿಯುವ ಒಣ ಹಳ್ಳಗಳನ್ನು ಇಲ್ಲಿ ಕಾದರೋ ಎನ್ನುತ್ತಾರೆ. ವರ್ಷವಿಡೀ ಬತ್ತಿರುತ್ತವೆ. ಆದರೆ 1988ರ ಅಕ್ಟೋಬರ್ 3ರಂದು ಕೆಲವೇ ಗಂಟೆ ಸುರಿದ ಮಳೆಗೆ ಉಕ್ಕಿ ಊರನ್ನೇ ಮುಳುಗಿಸಿದವು, ಜನರೂ ಸತ್ತರು. ನೆಲಮಹಡಿಯ ಮನೆ ಅಗ್ಗಕ್ಕೆ ಸಿಕ್ಕಿತೆಂದು ಒಪ್ಪಿಕೊಳ್ಳುವ ಮೊದಲು ಅದು ಪ್ರವಾಹದ ವಲಯದಲ್ಲಿದೆಯೇ ಎಂದು ಕೇಳು. ಮಾಲೀಕರು ಅದನ್ನು ಬರವಣಿಗೆಯಲ್ಲೇ ತಿಳಿಸಬೇಕು.

ರೈಲು ಟಿಕೆಟ್ ತೆಗೆಯುವಾಗ ಇಳಿಯುವ ನಿಲ್ದಾಣದ ಹೆಸರು ಸರಿಯಾಗಿ ನೋಡು. ನೀಮ್-ಪೋನ್ ದ್ಯು ಗಾರ್ ಎಂಬುದು ಊರಾಚೆ ಹೊಲಗಳ ನಡುವೆ ಇದೆ, ಅಲ್ಲಿಂದ ಇನ್ನೊಂದು ರೈಲು ಹತ್ತಬೇಕು. ನಿನಗೆ ಬೇಕಾದದ್ದು ನೀಮ್ ಸೆಂತ್ರ್. ಅಂಗಡಿಗೆ ಕಾಲಿಟ್ಟ ಕೂಡಲೇ ಬೊಂಜೂರ್ ಎನ್ನುವುದನ್ನು ಮರೆಯಬೇಡ. ಅದನ್ನು ಹೇಳದೆ ನೇರ ಬೆಲೆ ಕೇಳಿದರೆ ಎದುರಿನವರ ಮುಖ ಗಂಟಾಗುತ್ತದೆ.

ಬಂದ ಮೊದಲ ಭಾನುವಾರ ಫೋನ್ ಮಾಡು. ಲಾಂಪೆಜ್ ಬೀದಿಯ ತೊಟ್ಟಿಯ ಹತ್ತಿರ ಕಾಯುತ್ತಿರುತ್ತೇನೆ. ಅಲ್ಲಿಂದ ನಮ್ಮ ಮನೆಗೆ ಕಾಲು ಗಂಟೆಯ ನಡಿಗೆ, ಅನ್ನ ಸಾರು ಮಾಡಿಟ್ಟೇ ಬಂದಿರುತ್ತೇನೆ.